ವಿಷಯ: ಹಿಮದ ರಜೆ ಮತ್ತು ಬಾರದ ಬೆಣ್ಣೆ

ಪೆಲ್‌ಬ್ರೂಕ್ ಊರಿನ ಸಮಸ್ತ ಶಾಲೆಗಳ ಸೂಪರಿಂಟೆಂಡೆಂಟರೂ, ಹಿಮ ಬಿದ್ದ ದಿನ ರಜೆ ಕೊಡುವ ಅಥವಾ ಕೊಡದಿರುವ ಏಕೈಕ ಅಧಿಕಾರವುಳ್ಳವರೂ ಆದ ಶ್ರೀಮಾನ್ ವಿನ್ಸ್‌ಲೋ ಟ್ರಾಸ್ಕ್ ಅವರಿಗೆ, ಮೂರನೇ ತರಗತಿಯ ವಿನಿಯ ತಾಯಿ ಮಾರ್ಗೊ ಪೆಲ್ಟಿಯರ್ ಮಾಡುವ ವಂದನೆಗಳು. ಪ್ರತಿಯನ್ನು ಊರಿನ ಪೋಷಕರ ಗುಂಪಿಗೂ ಹಾಕುತ್ತಿದ್ದೇನೆ, ಹೇಗಿದ್ದರೂ ನಾಳೆ ಎಲ್ಲರಿಗೂ ಗೊತ್ತಾಗುವುದೇ.

ಮಾನ್ಯರೇ,

ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆಯೊಳಗೆ ಎಲ್ಲೋ ಗಂಟೆಯ ಸದ್ದು ಒಂದೇ ಒಂದು ಸಲ ಕೇಳಿಸಿ ನಿಂತಿತು. ರಜೆಯ ಸುದ್ದಿ ಹೇಳಲು ತಾವೇ ಫೋನ್ ಮಾಡಿದಿರೆಂದು ತಿಳಿದು ನಾನು ಹಾಸಿಗೆಯಿಂದ ಹಾರಿ, ಕತ್ತಲಲ್ಲಿ ಪೇಪರ್ ನ್ಯಾಪ್ಕಿನ್ನಿನ ಕಟ್ಟುಗಳ ಮೇಲೆ ಎಡವಿ ಬಿದ್ದು, ಫೋನನ್ನು ಕಿವಿಗೆ ಒತ್ತಿಕೊಂಡು, "ಶಾಲೆ ಮುಚ್ಚಿದ್ರಾ ಸಾರ್?" ಎಂದು ಕೇಳಿಯೂ ಬಿಟ್ಟೆ. ಆ ಕಡೆ ಯಾರೂ ಇರಲಿಲ್ಲ. ಕಿಟಕಿಯ ಹೊರಗೆ ಮಾರ್ಚ್ ತಿಂಗಳಿಗೆ ಶೋಭಿಸದಷ್ಟು ಹಿಮ ಬೀಳುತ್ತಿತ್ತು, ದೂರದಲ್ಲಿ ನನ್ನ ಗಂಡ ರೆಮಿ ಓಡಿಸುವ ಹಿಮ ಕೆರೆಯುವ ಲಾರಿಯ ಸದ್ದು. ಆ ಸದ್ದು ಯಾವ ಗಂಟೆಯದೆಂದು ತಿಳಿಯಲಿಲ್ಲ. ಮತ್ತೆ ನಿದ್ದೆ ಬರುವ ಸಂಭವವಿಲ್ಲವಾದ್ದರಿಂದ ತಮಗೆ ಪತ್ರ ಬರೆಯಲು ಕುಳಿತೆ.

ಈ ಪತ್ರವನ್ನು ನಾನು ಯಾವ ವೇಷದಲ್ಲಿ ಬರೆಯುತ್ತಿದ್ದೇನೆಂದು ಮೊದಲೇ ಅರಿಕೆ ಮಾಡಿಕೊಳ್ಳುವುದು ಪ್ರಾಮಾಣಿಕತೆ. ನಾಳೆ ಶಾಲೆ ಮುಚ್ಚಲಿ ಎಂದು ನಮ್ಮ ಊರಿನ ಮಕ್ಕಳು ರಾತ್ರಿಯ ಉಡುಪನ್ನು ಒಳಮೈ ಹೊರಗಾಗಿ ತೊಟ್ಟು, ದಿಂಬಿನಡಿ ಚಮಚ ಇಟ್ಟು, ಕಮೋಡಿಗೆ ಐಸ್ ತುಂಡು ಹಾಕಿ ನೀರು ಬಿಡುತ್ತಾರಷ್ಟೆ. ಮೂವತ್ತೊಂದು ವರ್ಷದ, ಇತಿಹಾಸದಲ್ಲಿ ಪದವಿ ಪಡೆದ, ಮೂಢನಂಬಿಕೆಯ ವಿರುದ್ಧ ಒಂದು ಪ್ರಬಂಧವನ್ನೂ ಬರೆದ ನಾನು ನಿನ್ನೆ ರಾತ್ರಿ ಈ ಮೂರನ್ನೂ ಮಾಡಿದ್ದೇನೆ. ಐಸ್ ತುಂಡುಗಳನ್ನು ಎರಡು ಟ್ರೇ ಪೂರ್ತಿ ಹಾಕಿದೆ. ಕಾರಣ ತಮಗೆ ತಿಳಿದದ್ದೇ: ನಾಳೆ, ಅಲ್ಲ, ಇವತ್ತು, ಮೂರನೇ ತರಗತಿಯ ಮಕ್ಕಳ ವಸಾಹತು ಕಾಲದ ದಿನ. ಅರವತ್ತೆಂಟು ಮಕ್ಕಳು ಮುನ್ನೂರು ವರ್ಷ ಹಿಂದಿನವರಂತೆ ಉಡುಗೆ ತೊಟ್ಟು, ಮೇಣದಬತ್ತಿ ಮಾಡಿ, ಗರಿಯ ಲೇಖನಿಯಿಂದ ಬರೆದು, ತಮ್ಮ ಕೈಯಾರೆ ಬೆಣ್ಣೆ ತೆಗೆಯುವ ದಿನ. ಅದರ ಸಂಚಾಲಕಿ ನಾನು.

ಹೇಗಾದೆ ಎಂದು ತಾವು ಕೇಳಬಹುದು. ಆಗಸ್ಟಿನಲ್ಲಿ ಈ ಊರಿಗೆ ಬಂದ ನಾನು ಅಕ್ಟೋಬರಿನ ಪೋಷಕರ ಸಭೆಯಲ್ಲಿ ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತಿದ್ದಾಗ, ವಿನಿಯ ಟೀಚರ್ ಮಿಸೆಸ್ ಥರ್ಲೋ ಅವರು "ಇಲ್ಲಿ ಇತಿಹಾಸ ಓದಿದೋರು ಯಾರಾದ್ರೂ ಇದ್ದೀರಾ?" ಎಂದು ಕೇಳಿದರು. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಕೈ ಎತ್ತುವುದು ನನ್ನ ಹಳೆಯ ಚಟ. ಎತ್ತಿದೆ. "ಸರಿ ಬಂಗಾರ, ಇನ್ನು ಆ ಕೈ ಇಳಿಸ್ಬೇಡ," ಎಂದರು ಅವರು. ಉಳಿದ ತಾಯಂದಿರು ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದರೆಂದರೆ, ನನ್ನನ್ನು ಊರು ಒಪ್ಪಿಕೊಂಡಿತೆಂದೇ ನಾನು ನಂಬಿ ಮನೆಗೆ ಬಂದು ರೆಮಿಯ ಮುಂದೆ ಅತ್ತೆ. ಬಲಿಗೆ ಕುರಿ ಸಿಕ್ಕಿದ ಸಂತೋಷ ಅದು ಎಂದು ತಿಳಿಯಲು ಒಂದು ವಾರ ಹಿಡಿಯಿತು.

ಆಮೇಲೆ ತಮ್ಮ ಕಚೇರಿಯ ಹನ್ನೊಂದು ಪುಟದ ಫಾರಂ ಬಂತು. ಅದರ ಬಗ್ಗೆ ದೂರಲು ನನಗೆ ಯೋಗ್ಯತೆ ಇಲ್ಲ, ಹೊಗಳಲು ಮಾತು ಸಾಲದು. ಉರಿಯದ ಮೇಣದಬತ್ತಿ, ಚುಚ್ಚದ ಸೂಜಿ, ಯಾವ ಹಕ್ಕಿಯ ಮೈಯಲ್ಲೂ ಇರದ, ಅಂಗಡಿಯಲ್ಲಿ ಬಣ್ಣ ಹಾಕಿದ ಗರಿ, ಬಿಸಿಯಿಲ್ಲದ ಒಲೆ, ಇವಿಷ್ಟಕ್ಕೆ ಅನುಮತಿ ದಯಪಾಲಿಸಿದಿರಿ. ಅಂದಿನ ಕಾಲದಲ್ಲಿ ತಾವು ಇದ್ದಿದ್ದರೆ ಸಮುದ್ರ ದಾಟಿ ಮೊದಲ ಹಡಗಿನಲ್ಲಿ ಬಂದು ಮೊದಲ ಚಳಿಗಾಲದಲ್ಲೇ ಅರ್ಧಕ್ಕರ್ಧ ಸತ್ತ ವಲಸಿಗರಲ್ಲಿ ಒಬ್ಬರೂ ಸಾಯುತ್ತಿರಲಿಲ್ಲ, ಏಕೆಂದರೆ ಏಳನೇ ಪುಟದ ಸಹಿ ಆಗುವವರೆಗೆ ಒಬ್ಬರೂ ಹಡಗಿನಿಂದ ಇಳಿಯುತ್ತಿರಲಿಲ್ಲ. ಶಾಲೆಯ ಈ ಮೈದಾನ ನಮಗಿಂತ ಮೊದಲು ಯಾರದಾಗಿತ್ತೆಂದು ಮಕ್ಕಳಿಗೆ ಹೇಳಲು ಇಲ್ಲಿನ ಮೂಲನಿವಾಸಿಗಳಾದ ನಿಪ್ಮಕ್ ಸಮುದಾಯದ ಹಿರಿಯರಾದ ಡೋರಿನ್ ಅವರನ್ನು ನಾನು ಕರೆದಿದ್ದೆ. ತಮ್ಮ ಫಾರಂ ಅವರನ್ನೂ ಬಿಡಲಿಲ್ಲ: ಭೇಟಿಯ ಉದ್ದೇಶವೇನು, ಎಷ್ಟು ಹೊತ್ತಿಗೆ ಬರುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಚೆನ್ನಾಗಿದೆ ಮಗಳೇ. ನಾನೂರು ವರ್ಷದ ಹಿಂದೆ ಈ ಫಾರಂ ನಮ್ಮ ಕೈಲಿ ಇರ್ಬೇಕಾಗಿತ್ತು," ಎಂದು ಹೇಳಿ ಸಹಿ ಹಾಕಿದರು. ಅವರಿಗೆ ನಾನು ಇಟ್ಟಿದ್ದ ಸಮಯ ಹದಿನೈದು ನಿಮಿಷ, ಬೆಣ್ಣೆಗೆ ನಲವತ್ತು. ಅಂದು ಸಂಜೆಯೇ ಅದನ್ನು ಅದಲುಬದಲು ಮಾಡಿದೆನೆಂದು ಹೇಳಿಕೊಳ್ಳಲು ಇಷ್ಟಪಡುತ್ತೇನೆ, ಆದರೆ ನಿಜವಾಗಿ ಮಾಡಿದ್ದು ಹತ್ತು ದಿನ ನಿದ್ದೆಗೆಟ್ಟ ಮೇಲೆ.

ಯಾರು ಏನು ತರುತ್ತಾರೆಂದು ಹೆಸರು ಬರೆಸಲು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದವಳೂ ನಾನೇ. ಒಂದು ವಸ್ತುವಿಗೆ ಇಷ್ಟೇ ಜನ ಎಂದು ಮಿತಿ ಹಾಕಬೇಕಿತ್ತು, ಹಾಕಲಿಲ್ಲ. ಮಾನ್ಯರೇ, ಮಿತಿಯಿಲ್ಲದ ಪಟ್ಟಿಯ ಮುಂದೆ ಮನುಷ್ಯ ಸ್ವಭಾವ ಏನು ಮಾಡುತ್ತದೆಂದು ನನ್ನ ಕಾಲೇಜು ಕಲಿಸಿರಲಿಲ್ಲ. ಐವತ್ತಮೂರು ಮನೆಗಳು ನ್ಯಾಪ್ಕಿನ್ ತರಲು ಒಪ್ಪಿಕೊಂಡವು, ತಂದು ನಮ್ಮ ಮನೆಯಲ್ಲಿ ಪೇರಿಸಿಯೂ ಬಿಟ್ಟವು. ಕೆನೆ ತರಲು ಒಬ್ಬರೂ ಇಲ್ಲ. ಆದ್ದರಿಂದ ಕೆನೆಯನ್ನು ನಾನೇ ಕೊಂಡೆ, ಅರವತ್ತೆಂಟು ಡಬ್ಬಿ, ಕಳೆದ ಶುಕ್ರವಾರ. ಡಬ್ಬಿಯ ಮೇಲೆ ಕಡಗೋಲು ಹಿಡಿದು ನಗುವ ಹೆಂಗಸಿನ ಚಿತ್ರವಿತ್ತು. ಚಿತ್ರವನ್ನು ಸಾಕ್ಷ್ಯವೆಂದು ನಂಬಬೇಡಿ ಎಂದು ನಾಲ್ಕು ವರ್ಷ ಕಲಿತು ಬಂದವಳು ಆ ಹೆಂಗಸನ್ನು ನಂಬಿ ಮನೆಗೆ ತಂದೆ.

ನಿನ್ನೆ ಮಧ್ಯಾಹ್ನ ಪರೀಕ್ಷೆಗೆಂದು ಒಂದು ಡಬ್ಬಿಯನ್ನು ಗಾಜಿನ ಜಾಡಿಗೆ ಸುರಿದು ಕುಲುಕತೊಡಗಿದೆ. ಹತ್ತು ನಿಮಿಷಕ್ಕೆ ಬೆಣ್ಣೆ ಬರಬೇಕು. ಇಪ್ಪತ್ತಕ್ಕೆ ನೊರೆ ಬಂತು. ಮೂವತ್ತಕ್ಕೆ ರೆಮಿಯ ಕೈಗೆ ಕೊಟ್ಟೆ. ರಾತ್ರಿಯೆಲ್ಲ ಲಾರಿ ಓಡಿಸಬೇಕಿದ್ದ ಆ ಮನುಷ್ಯ ಐವತ್ತು ನಿಮಿಷದವರೆಗೂ ಕುಲುಕಿ, ನಿಲ್ಲಿಸಿ, ಡಬ್ಬಿಯನ್ನು ತಿರುಗಿಸಿ ಹಿಂಬದಿ ಓದಿದ.

"ಮಾರ್ಗೊ, ಇದು ಕಾಫಿಗೆ ಹಾಕೋದು ಕಣೆ. ಅರ್ಧ ಹಾಲು, ಅರ್ಧ ಕೆನೆ. ನೀರು ಕಡೆದ್ರೆ ಬೆಣ್ಣೆ ಬರುತ್ತಾ?" ಎಂದ.

ನಾನು ಅಂಗಡಿಗೆ ಓಡಿದೆ. ಬಿರುಹಿಮದ ಮುನ್ಸೂಚನೆ ಬಂದು ಆರು ಗಂಟೆಯಾಗಿತ್ತು. ಆ ಆರು ಗಂಟೆಯಲ್ಲಿ ನಮ್ಮ ಊರಿನವರು ಏನು ಮಾಡುತ್ತಾರೆಂದು ತಮಗೆ ಹೇಳಬೇಕೇ? ಎರಡು ದಿನ ಮನೆಯಲ್ಲಿ ಕೂರಬೇಕೆಂದರೆ ಎರಡು ವರ್ಷದ ಮುತ್ತಿಗೆಗೆ ಸಿದ್ಧರಾಗುವಂತೆ ಹಾಲು, ಬ್ರೆಡ್ಡು, ಮೊಟ್ಟೆ ಎಲ್ಲವನ್ನೂ ಬಾಚಿಕೊಂಡು ಹೋಗಿದ್ದರು. ಹಾಲಿನ ಕಪಾಟು ಬೋಳಿಸಿದ ತಲೆಯಂತಿತ್ತು. "ಕೆನೆನಾ? ಮೇಡಂ, ಜನ ಸೋಯಾ ಹಾಲು ಕೂಡ ಬಿಟ್ಟಿಲ್ಲ," ಎಂದು ಅಂಗಡಿಯ ಹುಡುಗಿ ನಕ್ಕಳು. ನ್ಯಾಪ್ಕಿನ್ ಮಾತ್ರ ಬೇಕಾದಷ್ಟಿತ್ತು.

ರಾತ್ರಿ ಊಟಕ್ಕೆ ಕೂತಾಗ ನಾನು ರೆಮಿಯ ಮುಂದೆ ಒಂದು ಸಣ್ಣ ಕೋರಿಕೆ ಇಟ್ಟೆ: ಶಾಲೆಗೆ ಹೋಗುವ ಗುಡ್ಡದ ರಸ್ತೆಯನ್ನು ಇವತ್ತೊಂದು ದಿನ ಕೆರೆಯದೆ ಬಿಡಬಹುದೇ?

"ಬೆಣ್ಣೆ ಬರ್ಲಿಲ್ಲ ಅಂತ ಊರಿನ ರಸ್ತೆ ಮುಚ್ಚೋಕಾಗುತ್ತೇನೆ? ಆಂಬುಲೆನ್ಸು ಹೋಗೋ ದಾರಿ ಅದು," ಎಂದ. ನಾನು ಸುಮ್ಮನೆ ಕೂತೆ. ನಾನು ಸುಮ್ಮನೆ ಕೂತರೆ ಅವನಿಗೆ ತಡೆಯಲಾಗುವುದಿಲ್ಲ. "ಆಯ್ತು ಮಾರಾಯ್ತಿ, ಕೊನೇಲಿ ಕೆರೀತೀನಿ. ಅಷ್ಟೇ ನನ್ನ ಕೈಲಾಗೋದು."

ಆಗ ವಿನಿ ತಟ್ಟೆಯಿಂದ ತಲೆ ಎತ್ತದೆ, "ಬೆಣ್ಣೆ ಬರ್ಲಿಲ್ಲ ಅಂದ್ರೆ ನಾನು ಹೇಳ್ತೀನಿ ಬಿಡಮ್ಮ," ಎಂದಳು. ನಾನು ಅವಳಿಗೆ ಬಟಾಣಿ ಬಡಿಸಿದೆ. ಕೇಳಿಸಿಕೊಳ್ಳಲಿಲ್ಲ.

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ನನ್ನ ಮಾನ ಹೋದರೆ ಹೋಗಲಿ, ಅದು ಅಷ್ಟೇನೂ ಬೆಲೆಬಾಳುವುದಲ್ಲ. ಆದರೆ ನನ್ನ ಮಗಳನ್ನು ತಾವು ಕಾಪಾಡಬೇಕು. ಟೋಪಿಯಿಂದ ಚೀಟಿ ಎತ್ತಿಸಿ ಪಾತ್ರ ಹಂಚಿದಾಗ ವಿನಿಗೆ ಬಂದದ್ದು ಡಂಗುರದವನ ಪಾತ್ರ: ಹಿತ್ತಾಳೆಯ ಕೈಗಂಟೆ ಬಾರಿಸಿ, ಅರವತ್ತೆಂಟು ಮಕ್ಕಳ ಮುಂದೆ ನಿಂತು, ಗಂಟೆ ಎಷ್ಟಾಯಿತು, ಊರಿನ ಸುದ್ದಿ ಏನು ಎಂದು ಕೂಗಿ ಹೇಳಬೇಕು. ವಿನಿ ಹೊಸ ಶಾಲೆಗೆ ಸೇರಿದಾಗಿನಿಂದ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. "ಸೆಪ್ಟೆಂಬರಿಂದ ಅವಳ ದನಿ ನಾನು ಎರಡು ಸಲ ಕೇಳಿದ್ದೀನಿ, ಎರಡು ಸಲಾನೂ ಸೀನಿದ್ದು," ಎಂದಿದ್ದರು ಮಿಸೆಸ್ ಥರ್ಲೋ. ನವೆಂಬರಿನಲ್ಲಿ ಶಾಲೆಯ ಕೊಳಾಯಿ ಒಡೆದು ಈ ದಿನ ಮುಂದಕ್ಕೆ ಹೋಯಿತು, ಜನವರಿಯಲ್ಲಿ ಹಿಮದಿಂದ ಹೋಯಿತು, ಮೂರನೇ ಸಲ ತಪ್ಪಿದರೆ ಈ ವರ್ಷ ಇಲ್ಲವೇ ಇಲ್ಲ ಎಂದು ತಮ್ಮ ಕಚೇರಿ ಬರೆದಿದೆ. ಆ ಸಾಲನ್ನು ನಾನು ದೇವರ ಪಟದಂತೆ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಆದಕಾರಣ, ಒಂದು ಮೂಕ ಮಗುವಿನ ಮೇಲೆ ದಯವಿಟ್ಟು, ರಸ್ತೆ ಹೇಗಾದರೂ ಇರಲಿ, ಬೆಳಗಾಗುವ ಮೊದಲು

ಮಾನ್ಯರೇ, ಕ್ಷಮಿಸಬೇಕು. ಮೇಲಿನ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಬೇಕಾಯಿತು. ಆ ಗಂಟೆ ಮತ್ತೆ ಬಾರಿಸಿತು. ಈ ಸಲ ಎಚ್ಚರವಾಗಿದ್ದೆನಾದ್ದರಿಂದ ಎಲ್ಲಿಂದ ಎಂದು ತಿಳಿಯಿತು. ವಿನಿಯ ಕೋಣೆಯಿಂದ.

ಅವಳು ಗಾಢ ನಿದ್ದೆಯಲ್ಲಿದ್ದಳು. ಹಿತ್ತಾಳೆಯ ಗಂಟೆಯನ್ನು ಬೊಂಬೆಯಂತೆ ಎದೆಗೆ ಅವಚಿಕೊಂಡಿದ್ದಳು, ಮಗ್ಗುಲು ಬದಲಿಸಿದಾಗ ಅದು ಒಂದು ಸಲ ಟಣ್ ಎನ್ನುತ್ತಿತ್ತು. ದಿಂಬಿನಡಿ ಕೈ ಹಾಕಿ ನೋಡಿದೆ, ಚಮಚವಿರಲಿಲ್ಲ. ಜನವರಿಯ ಹಿಮದ ರಾತ್ರಿ ಮೂರು ಚಮಚ ಇಟ್ಟು ಮಲಗಿದ ಹುಡುಗಿ ಇವಳು. ಆಮೇಲೆ ದೀಪ ಹತ್ತಿರ ತಂದು ನೋಡಿದೆ. ರಾತ್ರಿಯ ಉಡುಪಿನ ಹೊಲಿಗೆಯೆಲ್ಲ ಒಳಗಿತ್ತು. ಗುಂಡಿಗಳು ಹೊರಗಿದ್ದವು, ಕತ್ತಿನವರೆಗೆ ಒಂದೂ ಬಿಡದೆ ಹಾಕಿಕೊಂಡಿದ್ದಳು. ಈ ಮನೆಯಲ್ಲಿ ಉಡುಪನ್ನು ಉಲ್ಟಾ ತೊಟ್ಟು ನಿಂತಿದ್ದವಳು ನಾನೊಬ್ಬಳೇ.

ಗೋಡೆಗೆ ಒಂದು ಹಾಳೆ ಅಂಟಿಸಿದ್ದಳು. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದದ್ದು:

"ಕೇಳಿರಿ, ಕೇಳಿರಿ! ಗಂಟೆ ಒಂಬತ್ತು. ಹೊರಗೆ ಹಿಮ ಬಿದ್ದಿದೆ. ಬೆಣ್ಣೆ ಬರುವುದಿಲ್ಲ. ಎಲ್ಲ ಕ್ಷೇಮ."

ಬೆಣ್ಣೆಯ ಸುದ್ದಿಯನ್ನು ಊರಿಗೆ ಹೇಳಲಾರದೆ ನಾನು ಕಮೋಡಿಗೆ ಐಸ್ ಸುರಿಯುತ್ತಿದ್ದ ಹೊತ್ತಿನಲ್ಲಿ, ತರಗತಿಯಲ್ಲಿ ಆರು ತಿಂಗಳು ಬಾಯಿ ಬಿಡದವಳು ಆ ಸುದ್ದಿಯನ್ನು ಹೇಳಲು ಅಭ್ಯಾಸ ಮಾಡುತ್ತಿದ್ದಳು. ಅವಳನ್ನು ಮೂಕ ಮಗುವೆಂದು ನಾನು ಮೇಲೆ ಬರೆದದ್ದನ್ನು ಹೊಡೆದು ಹಾಕಬಹುದಿತ್ತು. ಆದರೆ ಹಾಗೆಯೇ ಬಿಟ್ಟಿದ್ದೇನೆ, ಇತಿಹಾಸ ಓದಿದವರು ದಾಖಲೆ ತಿದ್ದಬಾರದು.

ಆದ್ದರಿಂದ ಮೇಲಿನ ಕೋರಿಕೆಯನ್ನು ಹಿಂತೆಗೆದುಕೊಂಡು ಅದರ ನೇರ ವಿರುದ್ಧದ ಕೋರಿಕೆಯನ್ನು ಅಷ್ಟೇ ವಿನಯದಿಂದ ಸಲ್ಲಿಸುತ್ತಿದ್ದೇನೆ: ದಯವಿಟ್ಟು ಶಾಲೆ ಮುಚ್ಚಬೇಡಿ. ಎರಡು ಗಂಟೆ ತಡವಾಗಿ ತೆರೆಯಿರಿ, ಬಸ್ಸುಗಳು ಬಾರದಿದ್ದರೆ ನಾನೇ ಜಾರುಬಂಡಿಯಲ್ಲಿ ಮಕ್ಕಳನ್ನು ಎಳೆದು ತರುತ್ತೇನೆ, ವಸಾಹತು ಕಾಲಕ್ಕೆ ಅದೇ ಸರಿಯಾದ ವಾಹನ. ಅರವತ್ತೆಂಟು ಮಕ್ಕಳು ಬಾರದ ಬೆಣ್ಣೆಗಾಗಿ ಹತ್ತು ನಿಮಿಷ ಜಾಡಿ ಕುಲುಕಲಿ. ಉಳಿದ ಸಮಯವೆಲ್ಲ ಡೋರಿನ್ ಅವರದು. ನೊರೆ ಚೆಲ್ಲಿದರೆ ಒರೆಸಲು ಐವತ್ತಮೂರು ಮನೆಗಳ ನ್ಯಾಪ್ಕಿನ್ ಇದೆ, ಆ ಮಹಾಜನರ ದೂರದೃಷ್ಟಿ ನನಗೆ ಈಗ ಅರ್ಥವಾಗುತ್ತಿದೆ. ನಾನು ಉಡುಪನ್ನು ಸರಿಯಾಗಿ ತೊಟ್ಟೆ, ಚಮಚವನ್ನು ಡ್ರಾಯರಿಗೆ ಹಾಕಿದೆ. ಕಮೋಡಿಗೆ ಹೋದ ಐಸನ್ನು ಮರಳಿ ಪಡೆಯುವ ಬಗ್ಗೆ ತಮ್ಮಲ್ಲಿ ಯಾವುದಾದರೂ ಫಾರಂ ಇದ್ದರೆ ಕೂಡಲೇ ಕಳುಹಿಸಿಕೊಡಬೇಕು, ಹನ್ನೊಂದು ಪುಟವಾದರೂ ತುಂಬುತ್ತೇನೆ.

ರೆಮಿಗೂ ಫೋನ್ ಮಾಡಿದೆ. "ಗುಡ್ಡದ ರಸ್ತೆ ಮೊದ್ಲು ಕೆರಿ," ಎಂದೆ. ಲಾರಿಯ ಸದ್ದಿನ ನಡುವೆ ಅವನು, "ಬೆಣ್ಣೆ ಬಂತಾ?" ಎಂದು ಕೇಳಿದ. "ಇಲ್ಲ," ಎಂದೆ. "ಮತ್ತೆ?" ಎಂದ. "ವಿನಿ ಗಂಟೆ ತಬ್ಕೊಂಡು ಮಲಗಿದಾಳೆ ಕಣೋ," ಎಂದೆ. ಲಾರಿ ತಿರುಗುವ ಸದ್ದು ಕೇಳಿಸಿತು.

ಇಂತಿ, ತಮ್ಮ ಹನ್ನೊಂದು ಪುಟಗಳಿಗೂ ತಮ್ಮ ಒಂದು ತೀರ್ಮಾನಕ್ಕೂ ಬದ್ಧಳಾದ,
ತಮ್ಮ ನಿದ್ದೆಗೆಟ್ಟ ವಿಶ್ವಾಸಿ,
ಮಾರ್ಗೊ ಪೆಲ್ಟಿಯರ್

ಮರೆತ ಮಾತು: ನಾಲ್ಕೂವರೆಗೆ ರಸ್ತೆಯ ಸ್ಥಿತಿ ಕೇಳಲು ತಾವು ಲಾರಿಯವರಿಗೆ ಫೋನ್ ಮಾಡುವಿರಷ್ಟೆ. ಗುಡ್ಡದ ರಸ್ತೆ ಹತ್ತಲಾಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಹಾಗೆ ಹೇಳಿರೆಂದು ನಿನ್ನೆ ಅವರಿಗೆಲ್ಲ ಕುಂಬಳಕಾಯಿ ಬ್ರೆಡ್ಡು ಹಂಚಿದವಳು ನಾನು. ಇನ್ನು, ಶಾಲೆ ಮುಚ್ಚಿದರೆ ಮಾತ್ರ ತಾವು ಐದೂವರೆಗೆ ಫೋನ್ ಮಾಡುವುದು, ತೆರೆದರೆ ಮಾಡದಿರುವುದು ಈ ಊರಿನ ಪದ್ಧತಿ ಎಂದು ಬಲ್ಲೆ. ಅಪರಾಧಿಗಳಿಗೂ ಬಿಡುಗಡೆಯ ಸುದ್ದಿಯನ್ನು ಬಾಯಿಬಿಟ್ಟು ಹೇಳುತ್ತಾರೆ, ತಮ್ಮ ಪದ್ಧತಿಯಲ್ಲಿ ಮಾತ್ರ ಶುಭವಾರ್ತೆಗೆ ದನಿಯಿಲ್ಲ. ಬಾರದ ಫೋನಿಗಾಗಿ ಐದೂವರೆಯವರೆಗೆ ಕಾಯುವ ಶಕ್ತಿ ನನಗಿಲ್ಲ. ಬೇಡಿಕೊಳ್ಳುತ್ತೇನೆ, ಬೆಳಗಾಗುವ ಮೊದಲು ಒಂದೇ ಒಂದು ಸಲ ಫೋನ್ ಮಾಡಿ, ಫೋನ್ ಮಾಡುವುದಿಲ್ಲ ಎಂದು ಹೇಳಿಬಿಡಿ. ಮೊದಲ ರಿಂಗಿಗೇ ಎತ್ತುತ್ತೇನೆ. ವಿನಿ ಮಲಗಿದ್ದಾಳೆ, ಅವಳು ಇವತ್ತು ಕೂಗಬೇಕು.