ಮಾತಾಡದ ಮೈದುನನ ಟಾಪಿಲ್ಲದ ಕಾರು

ನಮ್ಮ ಮನೆಯಲ್ಲಿ ನಗುವಂಥದ್ದು ನಡೆಯದ ತಿಂಗಳೇ ಇಲ್ಲ. ತೊಂದರೆ ಏನೆಂದರೆ, ನಡೆಯುವ ಹೊತ್ತಿಗೆ ಮನೆಯವರಾರಿಗೂ ನಗು ಬಂದಿರುವುದಿಲ್ಲ, ಬೀದಿಯವರಿಗೆ ಮಾತ್ರ ಬಂದಿರುತ್ತದೆ. ಈಚೆಗೆ ಇದಕ್ಕೆಲ್ಲ ಕಾರಣವಾದದ್ದು ಒಂದು ಕಾರು, ಅದಕ್ಕೆ ಹಾಕಿಸಿದ ಸ್ಪೀಕರು ಮತ್ತು ನನ್ನ ಮೈದುನ.

ಮೈದುನನ ಬಗ್ಗೆ ಮೊದಲು ಹೇಳಬೇಕು. ಬೋರ್‌ವೆಲ್ ಮೋಟಾರಿನ ಅಂಗಡಿ ಇಟ್ಟುಕೊಂಡಿದ್ದಾನೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಮಾತೂ ಆಡುವುದಿಲ್ಲ. ಮೊದಲೆರಡನ್ನು ಕೇಳಿ ಹೆಣ್ಣಿನ ಕಡೆಯವರು ತಲೆದೂಗುತ್ತಿದ್ದರು, ಮೂರನೆಯದನ್ನು ನೋಡಿ ಎದ್ದು ಹೋಗುತ್ತಿದ್ದರು. "ಹುಡುಗ ಹೂಂ ಅಂತಾನೆ, ಊಹೂಂ ಅಂತಾನೆ, ನಡುವೆ ಏನೂ ಇಲ್ಲವಲ್ರಿ" ಅಂತ ಒಬ್ಬರು ಮುಖದ ಮೇಲೇ ಹೇಳಿದ್ದರು. ಮೂವತ್ತೇಳು ತುಂಬಿತು. ಅತ್ತೆ ಉಕ್ಕಡಗಾತ್ರಿಯ ದೇವರಿಗೆ ಹರಕೆ ಹೊತ್ತರು. ಮೈದುನ ಕಾರು ತಂದ.

ಗಾಳಿ ತಿಂದ ಹಾಡು

ಅದು ಬಟನ್ ಒತ್ತಿದರೆ ಟಾಪ್ ಮಡಚಿಕೊಂಡು ಹಿಂದಿನ ಡಿಕ್ಕಿಯೊಳಗೆ ಹೋಗಿ ಮಲಗುವ ಕಾರು. ಸೆಕೆಂಡ್ ಹ್ಯಾಂಡು. ಮನೆ ಮುಂದೆ ನಿಲ್ಲಿಸಿ ಟಾಪ್ ತೆಗೆದು ತೋರಿಸಿದ. ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಷ್ಟು ದುಡ್ಡಿಗೆ ಟಾಪ್ ಇರೋದು ಬರ್ತಿರ್ಲಿಲ್ಲೇನೋ?" ಅಂದರು.

ಅವನ ಲೆಕ್ಕ ಬೇರೆ ಇತ್ತು. ತಾನು ಮಾತಾಡದಿದ್ದರೇನಂತೆ, ಹೆಣ್ಣು ನೋಡಲು ಹೋದಾಗ ಕಾರಿನ ಹಾಡಾದರೂ ಮಾತಾಡಲಿ! ಆದರೆ ಹಳೇ ಸ್ಪೀಕರು ಬಡಪಾಯಿ. ಕಾರು ಓಡುವಾಗ ಗಾಳಿಯೇ ಹಾಡನ್ನೆಲ್ಲ ತಿಂದುಹಾಕುತ್ತಿತ್ತು. ಕೇಳಲೆಂದು ಇವನು ಪೂರ್ತಿ ಜೋರು ಮಾಡುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಗಾಳಿ ನಿಂತು, ಹಾಡು ಅಕ್ಕಪಕ್ಕದ ಬೈಕಿನವರ ಮೈಮೇಲೆ ಬೀಳುತ್ತಿತ್ತು. ಮುಚ್ಚಿದ ಕಾರಿನಲ್ಲಿ ಕೂತವರಿಗೆ ಹಾಡು ಕೇಳುತ್ತದೆ, ಇದರಲ್ಲಿ ಕೂತವರನ್ನು ಬಿಟ್ಟು ಎಲ್ಲರಿಗೂ ಕೇಳುತ್ತದೆ.

ಒಂದು ದಿನ ನನ್ನನ್ನು ಕಾಲೇಜಿಗೆ ಬಿಡಲು ಬಂದ. ನಾನು ಅಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಪಿ.ಬಿ. ರಸ್ತೆಯ ಸಿಗ್ನಲ್ಲು. ಒಂದು ಭಾರೀ ಪ್ರೇಮಗೀತೆ. ನಾನು ತಲೆಮೇಲೆ ಸೆರಗು ಹೊದ್ದು ಯಾರೋ ಏನೋ ಅನ್ನುವಂತೆ ಕೂತಿದ್ದೆ. ಪಕ್ಕದಲ್ಲೇ ಬೈಕು ನಿಲ್ಲಿಸಿದ ನನ್ನ ವಿದ್ಯಾರ್ಥಿ ಬಗ್ಗಿ ನೋಡಿ, ಬಹಳ ಭಯಭಕ್ತಿಯಿಂದ ಕೇಳಿದ:

"ಮೇಡಂ, ಇದು ಪರೀಕ್ಷೆಗೆ ಬರ್ತೈತೇನ್ರಿ?"

ಡಬ್ಬಕ್ಕೂ ಒಂದು ಸೀಟು

ಅಂದೇ ತೀರ್ಮಾನವಾಯಿತು, ಸ್ಪೀಕರು ಬದಲಾಯಿಸಬೇಕು. ಕಾರಿಗೆ ಸೌಂಡ್ ಕೂರಿಸುವ ಸಾಹೇಬರೊಬ್ಬರಿದ್ದಾರೆ, ತಮ್ಮ ಕೆಲಸದ ಮೇಲೆ ಅವರಿಗೆ ಅಪಾರ ವಿಶ್ವಾಸ. ಕಾರು ನೋಡಿದ್ದೇ, "ಅಣ್ಣಾ, ಒಳಗಿರೋರಿಗೆ ಕೇಳ್ಬೇಕಾ, ಊರಿಗೆ ಕೇಳ್ಬೇಕಾ?" ಅಂದರು.

"ಹೂಂ" ಅಂದ ಮೈದುನ.

ಸಾಹೇಬರು ಅದನ್ನು ಎರಡೂ ಅಂತ ತಿಳಿದರು. ಬಾಗಿಲಿಗೆ ನಾಲ್ಕು ಹೊಸ ಸ್ಪೀಕರು, ಸೀಟಿನ ಕೆಳಗೆ ಆಂಪ್ಲಿಫಯರು, ಡಿಕ್ಕಿಯಲ್ಲಿ ಅಕ್ಕಿ ಮೂಟೆಯಷ್ಟು ದೊಡ್ಡ ಕರೀ ಡಬ್ಬ. ದಢದಢ ಸದ್ದು ಅದರದ್ದು. "ಬಿಲ್ಕುಲ್ ಭೂಕಂಪ ಮೇಡಂ" ಅಂತ ನನಗೆ ಹೆಮ್ಮೆಯಿಂದ ಹೇಳಿ, ಟಾಪಿನ ಬಟನ್ ಒತ್ತಿದರು. ಟಾಪ್ ಮೇಲೆದ್ದಿತು, ಮಡಚಿಕೊಂಡಿತು, ಡಿಕ್ಕಿಯ ಕಡೆ ಹೋಯಿತು, ಅಲ್ಲಿ ಡಬ್ಬ ಕೂತಿದ್ದು ಕಂಡು ಅರ್ಧಕ್ಕೇ ನಿಂತಿತು. ಕಾರು ಗಾಳಿಗೆ ಮಗುಚಿದ ಕೊಡೆಯಂತೆ ಕಾಣುತ್ತಿತ್ತು.

"ಅರೆ!" ಸಾಹೇಬರು ಗಡ್ಡ ಕೆರೆದುಕೊಂಡರು. "ಡಬ್ಬ ಇಟ್ರೆ ಟಾಪ್ ತೆಗ್ಯಕ್ಕಾಗಲ್ಲ, ಟಾಪ್ ತೆಗೆದ್ರೆ ಡಬ್ಬ ಇರಕ್ಕಾಗಲ್ಲ. ಎರಡ್ರಾಗ ಯಾವ್ದು ಬೇಕಣ್ಣಾ?"

"ಹೂಂ."

ಹಾಗಾಗಿ ಡಬ್ಬ ಹಿಂದಿನ ಸೀಟಿಗೆ ಬಂತು. ಬೀಳದಿರಲಿ ಅಂತ ಸೀಟ್ ಬೆಲ್ಟನ್ನೂ ಹಾಕಿದರು. ಮರುದಿನ ಆವರಗೆರೆಯ ನೆಂಟರ ಮನೆಗೆ ಹೊರಟ ಅತ್ತೆ ಬಾಗಿಲು ತೆಗೆದು, "ನನ್ನ ಜಾಗದಾಗ ಇದನ್ಯಾಕೋ ಕುಂದ್ರಿಸೀಯ?" ಅಂತ ಗದರಿದರು. ಆಮೇಲೆ ಅದನ್ನೇ ಒತ್ತರಿಸಿ, ಅದರ ಹೆಗಲ ಮೇಲೆ ಕೈಹಾಕಿಕೊಂಡು ಕೂತರು. ಹೋಗಿ ಬರುವವರೆಗೂ ಡಬ್ಬ ದಢದಢ ಅನ್ನುತ್ತಲೇ ಇತ್ತು.

"ಹೆಂಗಿತ್ತು ಅತ್ತೆ?" ಅಂದೆ, ಇಳಿಸಿಕೊಳ್ಳುತ್ತಾ.

"ಬಿಗಿದಿದ್ದ ಮಂಡಿ ಸಡಿಲ ಆಗೈತೆ ಕಣೇ" ಅಂದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, "ಹಲ್ಲಿನ ಸೆಟ್ಟೂ ಸಡಿಲ ಆಗೈತೆ."

ಹಸಿ ಕಸ, ಒಣ ಕಸ

ಭಾನುವಾರ ಬೆಳಿಗ್ಗೆ ಮೈದುನ ಒಬ್ಬನೇ ನಿಜಲಿಂಗಪ್ಪ ಬಡಾವಣೆಯ ಕಡೆ ಟ್ರಯಲ್ ನೋಡಲು ಹೋದ. ಟಾಪ್ ತೆಗೆದು, ಹಾಡು ಹಾಕಿ, ಮೆಲ್ಲಗೆ ಓಡಿಸುತ್ತಾ. ಬೆಳಗಿನ ಹೊತ್ತು, ಮೆಲ್ಲಗೆ ಬರುವ ಗಾಡಿ, ಜೋರು ಹಾಡು. ಈ ಊರಿನಲ್ಲಿ ಇದಕ್ಕೆ ಒಂದೇ ಅರ್ಥ. ಓಣಿಯ ಹೆಂಗಸರೆಲ್ಲ ಕಸದ ಬಕೆಟ್ ಹಿಡಿದು ಓಡಿ ಬಂದರು.

"ನಿಲ್ಸಪ್ಪೋ, ನಿಲ್ಸು! ಮೂರು ದಿನ ಆತು, ಎಲ್ಲಿಗೆ ಹೋಗಿದ್ರಿ?"

ಮೈದುನ ಬಾಯಿ ತೆರೆದ. ಕೊನೆಗೆ "ಹೂಂ" ಅಂದ.

"ಹೂಂ ಅಂತಾನೆ ನೋಡ್ರೀ, ಏನು ಪೊಗರು!" ಅಂದಳು ಒಬ್ಬಾಕೆ. ಒಬ್ಬ ಅಜ್ಜಿ ಮಾತ್ರ ಕಾರನ್ನು ಮೆಚ್ಚುಗೆಯಿಂದ ನೋಡಿ, "ಈ ಸಲ ಗಾಡಿ ಛಲೋ ಕೊಟ್ಟಾರೆ, ಮ್ಯಾಲಿಂದ ಸುರುವಾಕೆ ಅನುಕೂಲ ಐತೆ" ಅನ್ನುತ್ತಾ ಮೆಂತ್ಯದ ಕಡ್ಡಿಯನ್ನೂ ಬಾಳೆಹಣ್ಣಿನ ಸಿಪ್ಪೆಯನ್ನೂ ಹಿಂದಿನ ಸೀಟಿಗೆ ಸುರಿದರು. ಉಳಿದವರೂ ಸುರಿದರು.

ಮನೆಗೆ ಬಂದವನನ್ನು ನೋಡಿ ನನಗೆ ದಿಕ್ಕೇ ತೋಚಲಿಲ್ಲ. ಅವನು ತಣ್ಣಗೆ ಇಳಿದು ಬಂದು ಹೇಳಿದ:

"ಹಸೀದು ಹಿಂದೈತೆ ಅತ್ಗೆ. ಒಣಗಿದ್ದು ಮುಂದೆ ಬ್ಯಾರೆ ಇಟ್ಟೀನಿ."

ಆ ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

ಹರಿಹರದ ಹೆಣ್ಣು

ಅಷ್ಟರಲ್ಲಿ ಹರಿಹರದಿಂದ ಒಂದು ಸಂಬಂಧ ಬಂತು. ಹುಡುಗಿ ಲ್ಯಾಬ್ ಟೆಕ್ನಿಷಿಯನ್ನು, ತಂದೆ ಫ್ಯಾಕ್ಟರಿಯಿಂದ ನಿವೃತ್ತಿಯಾದವರು. ಇದೂ ತಪ್ಪಿದರೆ ಇನ್ನು ಹೆಣ್ಣು ನೋಡುವುದೇ ಇಲ್ಲ ಅಂತ ಮೈದುನ ನನಗೆ ಹೇಳಿದ್ದ. ಹೇಳಿದ್ದ ಅಂದರೆ, ನಾನು ಹಾಗೆ ಕೇಳಿದಾಗ ತಲೆ ಅಲ್ಲಾಡಿಸಿದ್ದ. ಫೋಟೋ ನೋಡಿ ಮಾತ್ರ ಕಿವಿಯವರೆಗೂ ಕೆಂಪಾಗಿದ್ದ.

ಯಜಮಾನರು ಅಂಗಡಿ ನೋಡಿಕೊಳ್ಳಲು ಉಳಿದರು. ಅತ್ತೆ, ನಾನು, ಮೈದುನ ಹೊರಟೆವು. ಹೈವೇಯಲ್ಲಿ ಗಾಳಿಯ ಅಬ್ಬರಕ್ಕೆ ಹಾಡು ಪೂರ್ತಿ ಜೋರಿತ್ತು. ಹರಿಹರ ಮುಟ್ಟುತ್ತಲೇ ನಾನು, "ಅವರ ಓಣಿಯಾಗ ಹಾಡು ಬ್ಯಾಡಪ್ಪ, ಕೈ ಮುಗೀತೀನಿ" ಅಂದೆ. ಪಾಪ, ಹಾಡು ನಿಲ್ಲಿಸಿದ. ಸೌಂಡ್ ಕಡಿಮೆ ಮಾಡುವುದು ಇಬ್ಬರಿಗೂ ಹೊಳೆಯಲಿಲ್ಲ.

ಹುಡುಗಿಯ ಅಪ್ಪ ಅವಲಕ್ಕಿ ಕೊಡಿಸಿ ಫ್ಯಾಕ್ಟರಿಯ ಕಥೆ ಶುರು ಮಾಡಿದರು. ಅವರು ಕೆಲಸಕ್ಕೆ ಸೇರಿದ್ದಾಯಿತು, ಮೆಷಿನ್ನು ಕೆಟ್ಟದ್ದಾಯಿತು, ಸರಿ ಮಾಡಿದ್ದಾಯಿತು. ನಡುವೆ ಉಸಿರಾಡಲು ನಿಂತಾಗ, "ಹುಡುಗ ಹುಡುಗಿ ಏನಾದ್ರೂ ಮಾತಾಡೋದಿದ್ರೆ ಮಾತಾಡ್ಲಿ" ಅಂದರು. ಮನೆ ಚಿಕ್ಕದು. ಹುಡುಗಿಯೇ, "ಕಾರಾಗ ಕುಂತು ಮಾತಾಡ್ತೀವಪ್ಪ" ಅಂದಳು. ಧೈರ್ಯಸ್ಥೆ ಅನ್ನಿಸಿತು.

ಕಿಟಕಿಯಿಂದ ಕಾಣುತ್ತಿತ್ತು. ಗೇಟಿನ ಹೊರಗೆ ಟಾಪ್ ತೆಗೆದ ಕಾರು, ಅದರಲ್ಲಿ ಇಬ್ಬರು, ಇಬ್ಬರೂ ಮುಂದಕ್ಕೆ ನೋಡುತ್ತಾ. ಡ್ರೈವರ್ ಬರಲೆಂದು ಬಸ್ಸಿನಲ್ಲಿ ಕಾಯುವವರ ಹಾಗೆ. ಅತ್ತೆ ಕತ್ತು ಉದ್ದ ಮಾಡಿ ನೋಡಿದರು. ತಡೆಯಲಾಗಲಿಲ್ಲ. "ಕೈ ತೊಳ್ಕಂಡು ಬರ್ತೀನ್ರಿ" ಅಂತ ಫೋನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದರು.

ಸ್ವಲ್ಪ ಹೊತ್ತಿಗೆ ಬೀದಿಯಿಂದ, ಆಕಾಶವೇ ಪಿಸುಗುಟ್ಟಿದ ಹಾಗೆ ಒಂದು ದನಿ ಬಂತು.

"ಲೋ... ಬಾಯಿ ಬಿಟ್ಟೇನೋ?"

ಕಿಟಕಿಯ ಗಾಜು ಗಡಗಡ ಅಂತು. ಹುಡುಗಿಯ ಅಪ್ಪ ಕಥೆ ನಿಲ್ಲಿಸಿದರು.

"ಕಂಬದಂಗೆ ಕುಂತೀಯಲ್ಲೋ! ಹುಡುಗಿ ಲಕ್ಷಣ ಅದಾಳೆ. ಈ ಸಲ ಬಿಟ್ಯೋ, ಮನೆಯಾಗ ಅನ್ನ ಹಾಕಂಗಿಲ್ಲ ನೋಡು!"

ಆಗ ನನಗೆ ಅರ್ಥವಾಯಿತು. ಮೈದುನನ ಫೋನು ಬ್ಲೂಟೂತಿನಲ್ಲಿ ಕಾರಿಗೆ ಸೇರಿಕೊಂಡಿತ್ತು, ಅವನಿಗೆ ಬಂದ ಕರೆಯೆಲ್ಲ ಸ್ಪೀಕರಿಗೇ ಹೋಗುತ್ತಿತ್ತು. ಅತ್ತೆ ಹಿತ್ತಿಲಲ್ಲಿ ಗುಟ್ಟಾಗಿ ಆಡುತ್ತಿದ್ದ ಮಾತು, ಫೋನು ಕಿವಿಗೊತ್ತಿಕೊಂಡಿದ್ದ ಅವರೊಬ್ಬರನ್ನು ಬಿಟ್ಟು, ಹರಿಹರದ ಆ ಇಡೀ ಓಣಿಗೆ ಕೇಳುತ್ತಿತ್ತು. ಮೈದುನ ಗಾಬರಿಯಲ್ಲಿ ಏನೇನೋ ಒತ್ತುವುದು ಕಂಡಿತು. ದನಿ ಇನ್ನೂ ಜೋರಾಯಿತು.

"ಅವರಪ್ಪಂದು ಮಾತ್ರ ಬಾಯೋ ಬಾಯಿ! ಆವಾಗಿಂದ ನನ್ನ ತಲೆ ತಿಂತಾ ಕುಂತಾನೆ. ಅವಲಕ್ಕಿಗೆ ಉಪ್ಪೇ ಇಲ್ಲ. ಚಿಂತಿಲ್ಲ ಬಿಡು, ಉಪ್ಪು ನಮ್ಮನಿಯಾಗ ಐತೆ."

ಎದುರು ಮನೆಯ ಮಹಡಿಯಿಂದ ಒಬ್ಬ ಹೆಂಗಸು ಕೂಗಿ ಹೇಳಿದಳು: "ಖರೆ ಐತ್ರಿ ಅಮ್ಮಾ! ಆ ಬಾಯಿ ನಾವು ಎಷ್ಟೋ ವರ್ಷದಿಂದ ಕೇಳ್ತಾ ಅದೀವಿ!"

"ಯಾರೋ ಅದು ನಡುವೆ ಮಾತಾಡೋರು?" ಅಂತು ಆಕಾಶ.

ನನ್ನ ಬಾಯಲ್ಲಿದ್ದ ಅವಲಕ್ಕಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಹುಡುಗಿಯ ಅಪ್ಪ ತಮ್ಮ ತಟ್ಟೆಯಿಂದ ಒಂದು ಚಮಚ ಬಾಯಿಗಿಟ್ಟು ನಿಧಾನವಾಗಿ ಅಗಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಲೇ, ಉಪ್ಪು ತಾರೇ" ಅಂದರು.

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ಕೂತು, ಹಾಲಿನಂಥ ಮುಖ ಮಾಡಿ, "ಫ್ಯಾಕ್ಟರಿ ಎಲ್ಲಿಗೆ ಬಂತ್ರಿ?" ಅಂದರು.

ಗೇಟಿನ ಸದ್ದಾಯಿತು. ಹುಡುಗಿ ಒಳಗೆ ಬಂದಳು. ಹಿಂದೆ ಮೈದುನ, ಮೋಟಾರು ಸುಟ್ಟುಹೋದ ಬೋರ್‌ವೆಲ್ಲಿನ ಮುಂದೆ ನಿಂತ ರೈತನ ಮುಖ ಹೊತ್ತು. ಇನ್ನು ಮುಗಿಯಿತು ಅಂತ ನಾನು ಬ್ಯಾಗಿಗೆ ಕೈ ಹಾಕಿದೆ.

"ಕೇಳಿದ್ಯಲ್ಲವ್ವ ಎಲ್ಲಾನೂ" ಅಂದರು ಅಪ್ಪ. "ಬ್ಯಾಡ ಅಂತೀಯಲ್ಲ?"

"ಯಾಕಪ್ಪ ಬ್ಯಾಡ?" ಅಂದಳು ಹುಡುಗಿ. "ನನ್ನ ಗೆಳತ್ಯಾರಿಗೆ ಅತ್ತೆ ಮನಸಿನಾಗ ಏನೈತೆ ಅಂತ ತಿಳಿಯಾಕೆ ಹತ್ತು ವರ್ಷ ಹಿಡೀತು. ನನಗೆ ಲಗ್ನಕ್ಕೆ ಮುಂಚೇನೇ, ಓಣಿ ಮಂದಿ ಸಾಕ್ಷಿಯಾಗಿ ತಿಳೀತು. ಇಂಥ ಮನೆ ಇನ್ನೆಲ್ಲಿ ಸಿಗ್ತೈತೆ?"

ಆಮೇಲೆ ಮೈದುನನ ಕಡೆ ತಿರುಗಿದಳು.

"ಒಂದೇ ಕಂಡೀಷನ್ನು ನೋಡ್ರಿ. ಆ ಸ್ಪೀಕರ್ ಮಾತ್ರ ತೆಗೆಸ್ಬ್ಯಾಡ್ರಿ."