ಹಸಿರು ಪಿಸ್ತೂಲಿಗೊಂದು ಕಪ್ಪು ಹೋಲ್ಸ್ಟರ್

ಪಿಸ್ತೂಲಿಗೆ ಹೋಲ್ಸ್ಟರ್ ಕೊಳ್ಳುವುದರಲ್ಲಿ ಏನು ಕಷ್ಟವಿದೆ? ಪಿಸ್ತೂಲು ಎಷ್ಟುದ್ದ ಇದೆ ನೋಡುವುದು, ಅದು ಹಿಡಿಸುವಂಥ ಒರೆ ತರಿಸುವುದು, ಸೊಂಟದ ಬೆಲ್ಟಿಗೆ ಸಿಕ್ಕಿಸುವುದು. ಚಪ್ಪಲಿ ಕೊಂಡಷ್ಟೇ ಸುಲಭ. ಹೀಗೆಂದು ನಾನು ನಂಬಿದ್ದೆ. ನನ್ನ ಹೆಂಡತಿ ವಸುಧಾಳ ಎದುರಿಗೆ ಹೇಳಿಯೂ ಬಿಟ್ಟೆ. ಅವಳು ಯಾವುದನ್ನೂ ಮರೆಯುವವಳಲ್ಲ.

ನನ್ನಂಥ ಸಾಧುಪ್ರಾಣಿಗೆ ಪಿಸ್ತೂಲು ಯಾಕೆ ಬೇಕಾಯಿತು ಎಂಬುದನ್ನು ಮೊದಲು ಸವಿನಯವಾಗಿ ನಿವೇದಿಸುತ್ತೇನೆ. ನೆದರ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಕನ್ನಡ ಗೆಳೆಯರ ಬಳಗ ಪ್ರತಿ ರಾಜ್ಯೋತ್ಸವಕ್ಕೂ ಒಂದು ನಾಟಕ ಆಡುತ್ತದೆ. ಕೊರೊನಾದ ಮೊದಲ ವರ್ಷ ಸಭಾಂಗಣಕ್ಕೆ ಬೀಗ ಬಿತ್ತು. ಆದರೆ ನಮ್ಮ ನಿರ್ದೇಶಕ ನಾಗರಾಜ, ಬೈಟನ್‌ವೆಲ್ಡರ್ಟ್‌ನಲ್ಲಿರುವವನು, ಸೋಲೊಪ್ಪುವ ಗಿರಾಕಿಯಲ್ಲ. ಎಲ್ಲರೂ ಅವರವರ ಮನೆಯಲ್ಲೇ ನಿಂತು ವಿಡಿಯೊ ಕಾಲ್‌ನಲ್ಲಿ ನಾಟಕ ಆಡುವುದು ಎಂದು ತೀರ್ಮಾನಿಸಿದ. ಕತ್ತಲೆ ತುಂಬಿದ ಗೋದಾಮಿನಲ್ಲಿ ಇನ್ಸ್‌ಪೆಕ್ಟರೊಬ್ಬ ಪಿಸ್ತೂಲಿನ ಲೈಟು ಹಾಕಿ ಕಳ್ಳನನ್ನು ಹಿಡಿಯುವ ಕಥೆ. ಇನ್ಸ್‌ಪೆಕ್ಟರ್ ಆಗಬೇಕಿದ್ದವನು ಊರಿಗೆ ಹೋಗಿ ವಿಮಾನವೂ ನೆಟ್‌ವರ್ಕೂ ಇಲ್ಲದೆ ಅಲ್ಲೇ ಸಿಕ್ಕಿಕೊಂಡಿದ್ದ. ಹಾಗಾಗಿ ಆ ಪಾತ್ರ ನನಗೆ ಬಂತು!

ಅಲ್ಲಿಯವರೆಗೆ ಬಳಗದಲ್ಲಿ ನಾನು ಲೈಟಿನವನು. ಆಮಂತ್ರಣದ ಕೊನೆಯಿಂದ ಎರಡನೆಯ ಸಾಲಿನಲ್ಲಿ, ಚಹಾ ವ್ಯವಸ್ಥೆಯವರ ಮೇಲೆ, ನನ್ನ ಹೆಸರು ಇರುತ್ತಿತ್ತು. ಹಿಂದೊಮ್ಮೆ ನನ್ನ ಮಾವ ಬಂದಿದ್ದಾಗ ನಾಟಕಕ್ಕೆ ಕರೆದುಕೊಂಡು ಹೋಗಿದ್ದೆ. ಎಲ್ಲ ಮುಗಿದ ಮೇಲೆ ಅವರು, "ಇದರಲ್ಲಿ ನೀವು ಎಲ್ಲಿ ಬಂದ್ರಿ ಅಳಿಯಂದ್ರೇ?" ಎಂದು ಕೇಳಿದರು. ಲೈಟು ನಂದೇ ಮಾವ ಎಂದೆ. "ಓಹೋ" ಎಂದರು. ಅಷ್ಟೇ. ಆ ಒಂದು ಓಹೋ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ನೆಟ್ಟುಕೊಂಡಿತ್ತು.

ಈಗ ಅದೇ ಮಾವ ನಮ್ಮ ಮನೆಯಲ್ಲಿದ್ದರು. ಮೈಸೂರಿನ ಕಡೆಯ ನಿವೃತ್ತ ಸಬ್ ಇನ್ಸ್‌ಪೆಕ್ಟರ್. ಮಗಳನ್ನು ನೋಡಿ ಹೋಗೋಣವೆಂದು ಚಳಿಗಾಲದ ಕೊನೆಗೆ ಬಂದವರ ಹಿಂತಿರುಗುವ ಟಿಕೆಟ್ಟು ಮಾಡಿಸಿದಾಗಲೆಲ್ಲ ರದ್ದಾಗುತ್ತಿತ್ತು. ನಾವಿರುವ ಬಾಡ್‌ಹೂವೆಡಾರ್ಪ್ ಎಂಬ ಊರು ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಅವರು ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲಿನಲ್ಲಿ ನಿಂತು, ಖಾಲಿ ಆಕಾಶವನ್ನು ಡ್ಯೂಟಿಗೆ ಬಾರದ ಕಾನ್‌ಸ್ಟೇಬಲ್‌ನನ್ನು ನೋಡುವ ಹಾಗೆ ನೋಡುತ್ತಿದ್ದರು. ಒಬ್ಬ ನಿಜವಾದ ಪೊಲೀಸಿನ ಎದುರಿಗೆ ಪೊಲೀಸ್ ಪಾತ್ರ ಮಾಡಿ, ಆ ಓಹೋವನ್ನು ವಾಪಸು ಪಡೆಯಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಪಿಸ್ತೂಲಿನ ವಿಷಯದಲ್ಲಿ ವಸುಧಾ ಮೊದಲೇ ಕಾನೂನು ಓದಿಟ್ಟಿದ್ದಳು. ಈ ದೇಶದಲ್ಲಿ ನಿಜದಂತೆ ಕಾಣುವ ಆಟಿಕೆ ಪಿಸ್ತೂಲು ಇಟ್ಟುಕೊಂಡರೂ ಅಪರಾಧವಂತೆ. ಆದ್ದರಿಂದ ಮಕ್ಕಳು ನೀರು ಚಿಮ್ಮಿಸುವ, ಗಿಣಿ ಹಸಿರು ಬಣ್ಣದ ಒಂದು ಪಿಸ್ತೂಲು ತಂದೆವು. ಪರದೆಯ ಮೇಲೆ ಕತ್ತಲಲ್ಲಿ ಬಣ್ಣ ಯಾರಿಗೆ ಕಾಣುತ್ತದೆ ಎಂದು ನಾಗರಾಜ ಧೈರ್ಯ ಹೇಳಿದ. ನಳಿಗೆಯ ಕೆಳಗೆ ನನ್ನ ಸೈಕಲ್ಲಿನ ಮುಂದಿನ ಲೈಟನ್ನು ರಬ್ಬರ್ ಪಟ್ಟಿಯಿಂದ ಬಿಗಿದೆ. ಆಯುಧ ಸಿದ್ಧವಾಯಿತು. ಇನ್ನು ಒರೆ ಮಾತ್ರ.

ಮಾವನ ಸಲಹೆ ಕೇಳಿದೆ. ಅವರ ಕಾಲದಲ್ಲಿ ರಿವಾಲ್ವರು ಚರ್ಮದ ಒರೆಯಲ್ಲಿತ್ತಂತೆ, ಒರೆ ಸ್ಟೇಷನ್ನಿನ ಬೀರುವಿನಲ್ಲಿತ್ತಂತೆ, ಬೀರುವಿನ ಕೀಲಿ ಸಾಹೇಬರ ಹತ್ತಿರವಿತ್ತಂತೆ. ಟಾರ್ಚು ಎಡಗೈಯಲ್ಲಿ, ಲಾಠಿ ಬಲಗೈಯಲ್ಲಿ. ಪಿಸ್ತೂಲಿಗೇ ಲೈಟು ಕಟ್ಟುವವನಿಗೆ ಎಡಗೈ ಯಾಕೆ ಎಂದು ಅವರು ನನ್ನನ್ನೇ ತಿರುಗಿ ಕೇಳಿದರು.

ವಸುಧಾ ಹಳೆಯ ಜೀನ್ಸ್ ಪ್ಯಾಂಟಿನ ಜೇಬು ಕತ್ತರಿಸಿ ಒಂದು ಒರೆ ಹೊಲಿದುಕೊಟ್ಟಳು. ಅದು ಮೆತ್ತಗಿತ್ತು. ಪಿಸ್ತೂಲನ್ನು ಒಳಗಿಟ್ಟ ಕೂಡಲೇ ಬಟ್ಟೆ ಲೈಟಿನ ಗುಂಡಿಯನ್ನು ಒತ್ತಿ ದೀಪ ಹತ್ತಿಕೊಳ್ಳುತ್ತಿತ್ತು. ನಾನು ಮನೆಯೆಲ್ಲ ತೊಡೆಯಲ್ಲಿ ದೀಪ ಉರಿಸಿಕೊಂಡು ಓಡಾಡಿದೆ. ಅಭ್ಯಾಸದಲ್ಲಿ ಕಳ್ಳನನ್ನು ಹಿಡಿಯುವ ದೃಶ್ಯ ಬರುವಷ್ಟರಲ್ಲಿ ಬ್ಯಾಟರಿ ಖಾಲಿ!

ಆಗ ನಾನು ವೃತ್ತಿಪರರ ಮೊರೆ ಹೋದೆ. ಪೊಲೀಸರಿಗೂ ಶೂಟಿಂಗ್ ಕ್ಲಬ್ಬಿನವರಿಗೂ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್ಸ್ಟರ್ ಮಾರುವ ಒಂದು ಆನ್‌ಲೈನ್ ಅಂಗಡಿ ಸಿಕ್ಕಿತು. ಲೈಟು ಇರುವ ಪಿಸ್ತೂಲಿಗೆ ಯಾವುದು ಆಗುತ್ತದೆ ಎಂದು ಬರೆದು ಕೇಳಿದೆ. ಅವರು ಮರ್ಯಾದೆಯಿಂದ ವಿವರಿಸಿದರು. ಇಂಥ ಹೋಲ್ಸ್ಟರು ಹಿಡಿದುಕೊಳ್ಳುವುದು ಪಿಸ್ತೂಲನ್ನಲ್ಲ, ಲೈಟನ್ನು. ಆದ್ದರಿಂದ ಪಿಸ್ತೂಲಿಗಿಂತ ಮೊದಲು ಲೈಟು ಯಾವುದೆಂದು ತಿಳಿಸಬೇಕು. ನಾನು ಪ್ರಾಮಾಣಿಕವಾಗಿ ಬರೆದೆ: ಸೈಕಲ್ಲಿನದು. ಎರಡು ದಿನ ಉತ್ತರವಿಲ್ಲ. ಆಮೇಲೆ, ಆ ಲೈಟಿಗೆ ತಾವು ಒರೆ ಮಾಡುವುದಿಲ್ಲವೆಂದೂ, ನನಗೆ ಶುಭವಾಗಲೆಂದೂ ಬರೆದರು. ನಾನು ಅವರಲ್ಲಿದ್ದ ಅತ್ಯಂತ ಅಗಲ ಬಾಯಿಯ ಹೋಲ್ಸ್ಟರನ್ನು ಧೈರ್ಯವಾಗಿ ತರಿಸಿದೆ.

ಪಾರ್ಸೆಲ್ಲು ಬಂದ ದಿನ ನಾವು ಮೂವರೂ ತರಕಾರಿ ತರಲು ಹೋಗಿದ್ದೆವು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಗೆ ಕೊಟ್ಟು ಹೋಗುವುದು ಇಲ್ಲಿಯ ಪದ್ಧತಿ. ನಮ್ಮ ಪಾರ್ಸೆಲ್ಲು ಟ್ರೂಸ್ ಅಜ್ಜಿಯ ಮನೆ ಸೇರಿತು. ಪ್ರತಿದಿನ ಕೈಬೀಸಿ ನಗುವ, ಒಂಟಿಯಾಗಿರುವ ಸಜ್ಜನೆ. ಪೆಟ್ಟಿಗೆಯ ಮೇಲೆ ಅಂಗಡಿಯ ಮುದ್ರೆ ದೊಡ್ಡದಾಗಿತ್ತು: ಎರಡು ಪಿಸ್ತೂಲು, ನಡುವೆ ಒಂದು ತಲೆಬುರುಡೆ. ತರಲು ಹೋದಾಗ ಅಜ್ಜಿ ಒಂದೂವರೆ ಮೀಟರ್ ಅಂತರ ಕಾಪಾಡಬೇಕಿತ್ತು, ಮೂರು ಮೀಟರ್ ಕಾಪಾಡಿದಳು. ವೈರಸ್ಸಿನ ಭಯ ಪಾಪ ಎಂದುಕೊಂಡೆ.

ಹೋಲ್ಸ್ಟರಿನ ಬಾಯಿ ಅಗಲ, ನನ್ನ ಸೈಕಲ್ ಲೈಟು ಸಣ್ಣದು. ಲೈಟಿಗೆ ಅಂಟುಪಟ್ಟಿ ಸುತ್ತುತ್ತಾ ಹೋದೆ. ಕೊನೆಗೊಮ್ಮೆ ಟಕ್ ಎಂದು ಕೂತಿತು! ಆ ಶಬ್ದವನ್ನು ಮಾವನಿಗೆ ಕೇಳಿಸಲು ಮತ್ತೆ ಮತ್ತೆ ಟಕ್ ಟಕ್ ಎನಿಸಿದೆ. ಅವರ ಮುಖದಲ್ಲಿ ಮೊದಲ ಸಲ ಏನೋ ಒಂದು ಮೂಡಿತು. ಮೆಚ್ಚುಗೆಯೇ ಇರಬೇಕು.

ಮರುದಿನ ಆಯುಧಪೂಜೆ. ನಾನು ಸೈಕಲ್ಲು, ಲ್ಯಾಪ್‌ಟಾಪು, ಮಿಕ್ಸಿ ಸಾಲಾಗಿ ಇಟ್ಟೆ. ಮಾವ ಮಡಿಯುಟ್ಟು ಬಂದು ಸುತ್ತ ನೋಡಿ, "ಪಿಸ್ತೂಲು ಎಲ್ರೀ? ಆಯುಧ ಅಂತ ಮನೇಲಿರೋದು ಅದೊಂದೇ. ಮಿಕ್ಸಿಗೆ ಪೂಜೆ ಮಾಡಿ ಅದನ್ನ ಬಿಡ್ತೀರಾ?" ಎಂದರು. ಮಾತು ನ್ಯಾಯವಾಗಿತ್ತು. ಅವರೇ ಕೈಯಾರೆ ಗಂಧ ತೇಯ್ದು, ಅರಿಶಿನ ಕಲಸಿ, ಪಿಸ್ತೂಲಿನ ಎರಡೂ ಮಗ್ಗುಲಿಗೆ ಧಾರಾಳವಾಗಿ ಬಳಿದು, ಮೇಲೆ ಕುಂಕುಮ ಇಟ್ಟರು. ಬೂದುಕುಂಬಳಕಾಯಿ ಸಿಗದೆ, ಬೀದಿಯ ಕೊನೆಯಲ್ಲಿ ಮಾರುತ್ತಿದ್ದ ಕೇಸರಿ ಕುಂಬಳವೊಂದನ್ನು ತಂದಿದ್ದೆವು. ಅದರ ಹೊಟ್ಟೆಗೆ ಕುಂಕುಮದ ನೀರು ತುಂಬಿ, ಮನೆಗೆ ದೃಷ್ಟಿ ತೆಗೆದು, ಮಾವ ಬಾಗಿಲ ಮುಂದೆ ಅಪ್ಪಳಿಸಿದರು. ಕೆಂಪು ನೀರು ಮೆಟ್ಟಿಲಿಳಿದು ಪಾದಚಾರಿ ದಾರಿಯವರೆಗೂ ಹರಿಯಿತು. ಸಂಜೆ ತೊಳೆದರಾಯಿತು ಎಂದುಕೊಂಡೆವು. ಹಬ್ಬದೂಟ ಆದ ಮೇಲೆ ಯಾರಿಗೆ ನೆನಪು?

ನಾನಂತೂ ಗಂಧ ಮೆತ್ತಿದ ಪಿಸ್ತೂಲನ್ನು ಹಾಗೆಯೇ ಹೋಲ್ಸ್ಟರಿಗೆ ಟಕ್ ಎನಿಸಿ ನಿದ್ದೆ ಹೋದೆ.

ಸಂಜೆ ಎದ್ದಾಗ ಕತ್ತಲಾಗುತ್ತಿತ್ತು. ಖಾಕಿ ಅಂಗಿ ತೊಟ್ಟು, ಹೋಲ್ಸ್ಟರ್ ಸಿಕ್ಕಿಸಿ, ನಡುಮನೆಯ ದೀಪ ಹಾಕಿ ಅಭ್ಯಾಸಕ್ಕೆ ನಿಂತೆ. ಈ ಊರಿನಲ್ಲಿ ರಸ್ತೆಯ ಕಡೆಯ ಕಿಟಕಿ ಗೋಡೆಯಷ್ಟು ದೊಡ್ಡದು, ಪರದೆ ಎಳೆಯುವವರೂ ಕಡಿಮೆ. ಎಳೆದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಇಲ್ಲಿಯವರ ಹಾಗೆ ಬಾಳಬೇಕೆಂದು ನಾವೂ ಎಳೆಯುತ್ತಿರಲಿಲ್ಲ. ಸೊಂಟಕ್ಕೆ ಕೈ ಹಾಕಿ, "ಕೈ ಮೇಲೆತ್ತು!" ಎಂದು ಗರ್ಜಿಸಿದೆ. ಪಿಸ್ತೂಲು ಬರಲಿಲ್ಲ. ಇನ್ನೊಮ್ಮೆ ಗರ್ಜಿಸಿದೆ. ಬರಲಿಲ್ಲ. ಗಂಧ, ಅರಿಶಿನ ಒಳಗೆ ಒಣಗಿ ಸಿಮೆಂಟಾಗಿತ್ತು. ನಾನು ಕಿಟಕಿಯ ಮುಂದೆ ಗರ್ಜಿಸುತ್ತಾ, ಎಳೆಯುತ್ತಾ, ಕುಣಿಯುತ್ತಾ ಇದ್ದಾಗ ಹೊರಗೆ ಸೈಕಲ್ ಮೇಲೆ ಇಬ್ಬರು ಪೊಲೀಸರು ಬಂದಿಳಿದರು.

ಟ್ರೂಸ್ ಅಜ್ಜಿಯನ್ನು ನಾನು ಇವತ್ತಿಗೂ ದೂರುವುದಿಲ್ಲ. ತಲೆಬುರುಡೆಯ ಪಾರ್ಸೆಲ್ಲು, ಬಾಗಿಲಲ್ಲಿ ಹರಿದ ಕೆಂಪು, ಕಿಟಕಿಯಲ್ಲಿ ಸೊಂಟಕ್ಕೆ ಕೈ ಹಾಕಿ ಕಿರುಚುವ ಗಂಡಸು. ನಾನಾಗಿದ್ದರೆ ಸೈನ್ಯವನ್ನೇ ಕರೆಸುತ್ತಿದ್ದೆ.

ಬಾಗಿಲು ತೆಗೆದೆ. ಮಾಸ್ಕ್ ಹಾಕಿದ ಪೊಲೀಸ್ ಹೆಣ್ಣುಮಗಳು ಸಮಾಧಾನದ ದನಿಯಲ್ಲಿ, ಸೊಂಟದಲ್ಲಿರುವುದನ್ನು ನಿಧಾನವಾಗಿ ತೆಗೆದು ನೆಲದ ಮೇಲಿಡಿ ಎಂದಳು. ಅದೇ ಆಗುತ್ತಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಗೋಗರೆದೆ. ಪ್ರಯತ್ನಿಸಿ ತೋರಿಸಲು ಸೊಂಟಕ್ಕೆ ಕೈ ಹಾಕಿದೆ. ಇಬ್ಬರೂ ಒಟ್ಟಿಗೆ ಹಿಂದಕ್ಕೆ ಹಾರಿ, ಕೈ ತೆಗೆಯಿರಿ ಎಂದು ಕೂಗಿದರು. ಆಗ ನಾನು ಕೈ ಮೇಲೆತ್ತಿದೆ. ನಾಟಕದಲ್ಲಿ ಕಳ್ಳ ಮಾಡಬೇಕಾದ ಕೆಲಸ ಅದು.

ಅಷ್ಟರಲ್ಲಿ ಒಳಗಿನಿಂದ ಪಂಚೆ, ಮಂಕಿ ಕ್ಯಾಪಿನಲ್ಲಿ ಮಾವ ಬಂದರು. ಪೊಲೀಸರನ್ನು ಕಂಡದ್ದೇ ಬೆನ್ನು ನೆಟ್ಟಗೆ ಮಾಡಿ ಸೆಲ್ಯೂಟ್ ಹೊಡೆದು, ತಾವು ನಿವೃತ್ತ ಸಬ್ ಇನ್ಸ್‌ಪೆಕ್ಟರೆಂದೂ, ಕೆಂಪಗಿರುವುದು ಕುಂಬಳಕಾಯಿಯೆಂದೂ, ಈ ಮನುಷ್ಯ ಯಾರಿಗೂ ಅಪಾಯ ಮಾಡಲು ಯೋಗ್ಯತೆಯುಳ್ಳವನಲ್ಲವೆಂದೂ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದರು. ಕೊನೆಯ ಮಾತನ್ನು ಎರಡು ಸಲ ಹೇಳಿದರು.

ವಸುಧಾ ಕೆಟಲಿನಲ್ಲಿ ಬಿಸಿನೀರು ತಂದಳು. ಪೊಲೀಸರ ಸಮಕ್ಷಮದಲ್ಲಿ ನನ್ನ ಬೆಲ್ಟು ಬಿಚ್ಚಿ, ಹೋಲ್ಸ್ಟರನ್ನು ಮೆಟ್ಟಿಲ ಮೇಲಿಟ್ಟು ನೀರು ಹುಯ್ದಳು. ಕೆಂಪು, ಹಳದಿ ನೀರು ಇಳಿಯಿತು. ಟಕ್! ಗಿಣಿ ಹಸಿರು ಪಿಸ್ತೂಲು ಈಚೆ ಬಂತು. ಆ ಹೆಣ್ಣುಮಗಳು ಅದನ್ನೆತ್ತಿ ನೋಡಿ, ಕೆಳಗಿನ ಸೈಕಲ್ ಲೈಟು ನೋಡಿ, ನನ್ನನ್ನು ನೋಡಿದಳು. ಮಾಸ್ಕಿನೊಳಗೆ ನಗುತ್ತಿದ್ದಳೆಂಬುದು ಅವಳ ಭುಜಗಳಿಂದ ಗೊತ್ತಾಯಿತು. ಇದು ಅಪರಾಧವೇನೂ ಅಲ್ಲ, ಇನ್ನು ಮೇಲೆ ದಯವಿಟ್ಟು ಪರದೆ ಎಳೆದುಕೊಳ್ಳಿ ಎಂದು ಹೇಳಿ ಹೋದರು. ಉಳಿದ ಹೋಳಿಗೆಯನ್ನು ನಾನು ಅಜ್ಜಿಗೆ ಕೊಟ್ಟು ಕ್ಷಮೆ ಕೇಳಿ ಬಂದೆ.

ಇಷ್ಟಾದ ಮೇಲೂ ನಾನು ಎದೆಗುಂದಲಿಲ್ಲ. ನಾಟಕ ಬಾಕಿಯಿತ್ತಲ್ಲ!

ನಾಟಕದ ದಿನ ಬೆಳಿಗ್ಗೆ ನಾಗರಾಜನಿಗೆ ಒಂದು ಹೊಸ ಯೋಚನೆ ಬಂತು. ಎಲ್ಲರೂ ಹಿಂದೆ ಹಸಿರು ಬಟ್ಟೆ ಕಟ್ಟಿಕೊಂಡರೆ, ಆ ಹಸಿರನ್ನೆಲ್ಲ ಅಳಿಸಿ ಅಲ್ಲಿ ಗೋದಾಮಿನ ಚಿತ್ರ ಕೂರಿಸುತ್ತದಂತೆ ಕಂಪ್ಯೂಟರು. ವಸುಧಾ ತನ್ನ ಗಿಣಿ ಹಸಿರಿನ ರೇಷ್ಮೆ ಸೀರೆಯನ್ನು ಗೋಡೆಗೆ ಕಟ್ಟಿದಳು. ಚಂದವಾಗಿ ಕಟ್ಟಿದಳು. ಮಾವ ಪಕ್ಕದ ಕೋಣೆಯಲ್ಲಿ ಟ್ಯಾಬ್ಲೆಟ್ ಮುಂದೆ ಕೂತರು.

ನನ್ನ ಘಳಿಗೆ ಬಂತು. ಕೋಣೆಯ ದೀಪ ಆರಿಸಿ, ಪಿಸ್ತೂಲನ್ನು ಟಕ್ ಎಂದು ಸೆಳೆದು, ಲೈಟು ಹಾಕಿ ಗರ್ಜಿಸಿದೆ. ಇಷ್ಟು ಚೆನ್ನಾಗಿ ನಾನು ಎಂದೂ ಏನನ್ನೂ ಮಾಡಿರಲಿಲ್ಲ. ಮುಗಿದ ಮೇಲೆ ರೆಕಾರ್ಡಿಂಗ್ ನೋಡಿದೆ. ನನ್ನ ಕ್ಯಾಮೆರಾದಲ್ಲಿ ಎದೆಯಿಂದ ಮೇಲೆ ಮಾತ್ರ ಬರುತ್ತಿತ್ತು. ಹೋಲ್ಸ್ಟರ್ ಕಾಣಲೇ ಇಲ್ಲ. ಹಸಿರು ಪಿಸ್ತೂಲನ್ನು ಕಂಪ್ಯೂಟರು ಸೀರೆಯ ಜೊತೆಗೇ ಅಳಿಸಿಹಾಕಿತ್ತು. ಲೈಟು ಕ್ಯಾಮೆರಾದ ಕಣ್ಣಿಗೆ ಹೊಡೆದು ನನ್ನ ಮುಖವೂ ಬೆಳಕಿನಲ್ಲಿ ಮುಳುಗಿತ್ತು. ಕತ್ತಲೆ ಗೋದಾಮಿನಲ್ಲಿ ಒಂದು ದೀಪ ತಾನೇ ತಾನಾಗಿ ತೇಲಿ ಬಂದು ಕಳ್ಳನನ್ನು ಹಿಡಿಯಿತು.

ಪ್ರೇಕ್ಷಕರಿಂದ ಮೆಸೇಜುಗಳು ಸುರಿದವು. ಎಲ್ಲದರಲ್ಲೂ ಒಂದೇ ಮಾತು: ಲೈಟಿಂಗ್ ಸೂಪರ್! ನಾಗರಾಜ ಆನಂದಬಾಷ್ಪದೊಂದಿಗೆ ಫೋನ್ ಮಾಡಿ, "ಗುರೂ, ಮುಂದಿನ ವರ್ಷ ಹಾಲ್ ಸಿಗ್ಲಿ ಬಿಡ್ಲಿ, ಲೈಟ್ ಮಾತ್ರ ನಿಂದೇ. ಇನ್ಸ್‌ಪೆಕ್ಟರ್‌ನ ಯಾರ್ ಬೇಕಾದ್ರೂ ಮಾಡ್ತಾರೆ" ಎಂದ.

ನಾನು ಖಾಕಿ ಅಂಗಿಯಲ್ಲೇ ಪಕ್ಕದ ಕೋಣೆಗೆ ಹೋದೆ. ಮಾವ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಮತ್ತೆ ಹಾಕಿಕೊಂಡು, "ನೀವು ಯಾವಾಗ ಬರ್ತೀರ ಅಂತ ಕೊನೇವರೆಗೂ ಕಾದೆ ಅಳಿಯಂದ್ರೇ. ಇದರಲ್ಲಿ ನೀವು ಎಲ್ಲಿ ಬಂದ್ರಿ?" ಎಂದು ಕೇಳಿದರು.

"ಲೈಟು ನಂದೇ ಮಾವ" ಎಂದೆ.

"ಓಹೋ" ಎಂದರು.