ಒಳಗಿನ ಚಕ್ರದ ಗಾಳಿ

ಟೈರಿನ ಗಾಳಿಯ ವಿಷಯದಲ್ಲಿ ನಮ್ಮ ಕಡೆ ತಮಾಷೆಗಳಿಗೆ ಬಿಡುವೇ ಇಲ್ಲ. ಒಂದರ ಬಿಸಿ ಆರುವುದರೊಳಗೆ ಇನ್ನೊಂದು ನಡೆದಿರುತ್ತದೆ. ನಗುವ ಭಾಗ್ಯ ಊರಿನವರದು. ನನ್ನ ಪಾಲಿಗೆ ಬರುವುದು ಭಯ ಮಾತ್ರ.

ಪಾಂಡವಪುರದಲ್ಲಿರುವ ನನ್ನ ದೊಡ್ಡಪ್ಪ, ಶಾಲೆಯೊಂದು ಮಾರಿದ ಹಳೆಯ ಮಿನಿ ಬಸ್ಸನ್ನು ಕೊಂಡರು. ಸೀಟುಗಳನ್ನು ಕೀಳಿಸಿ, ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ತೊಟ್ಟಿ ಕೂರಿಸಿ, ಕಿಟಕಿಗಳಿಗೆ ಪರದೆ ಕಟ್ಟಿ, ಅದನ್ನು ‘ಮನೆಗಾಡಿ’ ಎಂದು ಕರೆದರು. ಕಾರಣ ನಮ್ಮ ಅಜ್ಜಿ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಅವರು ಮಲಗಬಲ್ಲರು; ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾರರು. ಅವರ ಒಬ್ಬರೇ ತಂಗಿ, ನಮ್ಮ ಚಿಕ್ಕಜ್ಜಿ, ಅಕ್ಕಿಹೆಬ್ಬಾಳಿನಲ್ಲಿದ್ದಾರೆ. ತಂಗಿಗೆ ಕಿವಿ ಮಂದ, ಆದ್ದರಿಂದ ಫೋನು ನಿರುಪಯುಕ್ತ; ಒಬ್ಬರೇ ಬಸ್ಸು ಹತ್ತಿ ಬರಲು ಮನೆಯವರು ಬಿಡರು. ಅಕ್ಕತಂಗಿಯರು ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಸಾಯುವ ಮೊದಲು ಒಂದು ಸಲ ನೋಡಬೇಕೆಂಬುದು ಅಜ್ಜಿಯ ಏಕೈಕ ಬೇಡಿಕೆ.

ಆಂಬುಲೆನ್ಸ್ ಮಾಡೋಣವೆಂದು ದೊಡ್ಡಪ್ಪ ಮೊದಲೇ ಕೇಳಿದ್ದರು. ಅಜ್ಜಿ ಒಪ್ಪಿರಲಿಲ್ಲ. “ಅದ್ರಲ್ಲಿ ಓದ್ರೆ ಊರೋರು ಊವಿನ ಆರ ಇಡ್ಕಂಡು ಬಂದ್ಬುಡ್ತಾರೆ. ಆಮ್ಯಾಕೆ ನಾನು ಎದ್ ಕೂತ್ರೆ ಅವರ್ಗೆ ಬೇಜಾರು.”

ಗಾಡಿಗೆ ಆರು ಚಕ್ರ. ಮುಂದೆ ಎರಡು, ಹಿಂದೆ ಎರಡೂ ಬದಿಗೆ ಒಂದೊಂದು ಜೋಡಿ. ಜೋಡಿಯಲ್ಲಿ ಒಳಗಿನ ಚಕ್ರವು ಹೊರಗಿನದರ ಮರೆಯಲ್ಲಿರುತ್ತದೆ. ಅದರ ಗಾಳಿ ಇಳಿದರೂ ಹೊರಗಿನದು ಎರಡರ ಭಾರವನ್ನೂ ಹೊತ್ತು ನಿಲ್ಲುತ್ತದೆ. ನೋಡುವವರಿಗೆ ಏನೂ ತಿಳಿಯುವುದಿಲ್ಲ. ಹೊತ್ತು ಹೊತ್ತು ಕಾದು, ಒಂದು ಗಳಿಗೆಯಲ್ಲಿ ಸಿಡಿಯುತ್ತದೆ. ಬಡಗಿ ಅಜ್ಜಿಯ ಮಂಚವನ್ನು ಕೂರಿಸಿದ್ದು ಹಿಂದಿನ ಎಡ ಜೋಡಿಯ ನೆತ್ತಿಗೆ ಸರಿಯಾಗಿ. ನಾನು ಅಳತೆ ಪಟ್ಟಿ ಹಿಡಿದು ನೋಡಿದೆ. ಅಜ್ಜಿಯ ಮುರಿದು ಕೂಡಿಸಿದ ಮೂಳೆಗೂ ಆ ಟೈರಿಗೂ ನಡುವೆ ಇದ್ದದ್ದು ಒಂದು ತಗಡು, ಒಂದು ಹಲಗೆ, ಒಂದು ಹತ್ತಿಯ ಹಾಸಿಗೆ.

ಮನೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು ನಾನೊಬ್ಬನೇ; ಕೆಲಸ ಸಿಗದೆ ಬಿಡುವಾಗಿದ್ದವನೂ ನಾನೊಬ್ಬನೇ. ಪ್ರತಿ ಟೈರಿನ ಒತ್ತಡವನ್ನು ಚಾಲಕನ ಕಣ್ಣೆದುರು ತೋರಿಸುವ ಯಂತ್ರವೊಂದನ್ನು ಆರಿಸಿ ಹಾಕಿಸುವ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ.

ಎರಡು ಗೇಜುಗಳು

ದೊಡ್ಡಪ್ಪ ಯಂತ್ರದ ಅಗತ್ಯವನ್ನೇ ಒಪ್ಪಲಿಲ್ಲ. ಚಪ್ಪಲಿಗಾಲಿನಲ್ಲಿ ಟೈರಿಗೆ ಒಂದು ಒದ್ದು, ಕಿವಿ ಓರೆ ಮಾಡಿ ಕೇಳಿ ತೀರ್ಪು ಕೊಡುವುದು ಅವರ ಮೂವತ್ತು ವರ್ಷದ ಪದ್ಧತಿ.

“ಕಲ್ಲಾಗದೆ ಕಣ್ಲಾ. ಕೇಳುಸ್ಲಿಲ್ವಾ?”

ನಾನು ಗಾಳಿ ಅಳೆಯುವ ಗೇಜು ಇಟ್ಟು ತೋರಿಸಿದೆ. ಇರಬೇಕಾದದ್ದು ಅರವತ್ತೈದು ಪೌಂಡು, ಇದ್ದದ್ದು ನಲವತ್ತು. ಅವರು ಗೇಜನ್ನೂ ಟೈರನ್ನೂ ಒಂದೊಂದು ಸಲ ನೋಡಿ, “ಗೇಜು ಕೆಟ್ಟೋಗದೆ” ಎಂದರು. ಮರುದಿನ ಹೊಸ ಗೇಜು ತಂದು ಇಟ್ಟೆ. ಅದೂ ನಲವತ್ತನ್ನೇ ತೋರಿಸಿತು.

“ಎರಡೂ ಒಂದೇ ಅಂಗ್ಡೀಲಿ ತಂದಿದ್ದಲ್ವಾ? ಮಾತಾಡ್ಕಂಡವೆ.”

ನಾನು ಸಿಟ್ಟನ್ನು ನುಂಗಿ, ಒಳಗಿನ ಚಕ್ರವನ್ನು ಹೇಗೆ ಪರೀಕ್ಷಿಸುತ್ತೀರಿ ಎಂದು ಕೇಳಿದೆ. ಅಲ್ಲಿಗೆ ಯಾರ ಕಾಲೂ ಹೋಗುವುದಿಲ್ಲ. ದೊಡ್ಡಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ.

“ಅದುನ್ನ ಯಾಕ್ಲಾ ಒದೀಬೇಕು? ಅದು ಮನೆ ಒಳ್ಗಿರೋ ಎಂಗಸ್ರಂಗೆ. ಅದ್ರ ಪಾಡ್ಗೆ ಅದಿರ್ತದೆ.”

ಅಡುಗೆಮನೆಯಿಂದ ದೊಡ್ಡಮ್ಮನ ದನಿ ಬಂತು: “ಅದೂ ಒಂದಿನ ಸಿಡೀತದೆ, ಯೋಳು ಅವರ್ಗೆ.”

ಶ್ರೀರಂಗಪಟ್ಟಣದ ಸಿಗ್ನಲ್ಲು

ಯಂತ್ರ ಹುಡುಕಿಕೊಂಡು ಶ್ರೀರಂಗಪಟ್ಟಣದ ಬಿಡಿಭಾಗಗಳ ಅಂಗಡಿಗೆ ಹೋದೆ. ನನ್ನ ಬೇಡಿಕೆಗಳನ್ನು ಕಾಗದದಲ್ಲಿ ಬರೆದುಕೊಂಡಿದ್ದೆ: ಆರು ಸೆನ್ಸರುಗಳಿರಬೇಕು; ಅರವತ್ತೈದಕ್ಕಿಂತ ಮೇಲಿನ ಒತ್ತಡವನ್ನೂ ಓದಬೇಕು; ಹಿಂದಿನ ಚಕ್ರದ ಸಂಕೇತ ಕಬ್ಬಿಣದ ಮೈ ದಾಟಿ ಡ್ರೈವರನ ಮುಂದಿನ ಪರದೆಗೆ ತಲುಪಬೇಕು.

ಅಂಗಡಿಯಾತ ಕಾಗದ ಓದದೆಯೇ ಕಾರಿನ ಪೆಟ್ಟಿಗೆ ತೆಗೆದಿಟ್ಟ. ಅದರಲ್ಲಿದ್ದದ್ದು ನಾಲ್ಕು.

“ನಮ್ಮದು ಆರು ಚಕ್ರ.”

“ಇರ್ಲಿ ಸಾ. ಹಿಂದ್ಗಡೆ ಜೋಡೀಲಿ ಒಂದಕ್ಕಾಕಿ. ಪಕ್ಕದ್ದು ಅದ್ನೇ ನೋಡ್ಕಂಡು ನಡೀತದೆ.”

ಟೈರುಗಳಲ್ಲಿ ಅಂಥ ಸತ್ಸಂಗದ ಪದ್ಧತಿ ಇಲ್ಲವೆಂದು ತಿಳಿಸಿದೆ. ಆತ ಮನಸ್ಸಿಲ್ಲದ ಮನಸ್ಸಿನಿಂದ ಆರರ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ. ಸಂಕೇತದ ದೂರವನ್ನು ಪರೀಕ್ಷಿಸಬೇಕೆಂದೆ. ಪರದೆಯನ್ನು ಆತನ ಕೈಗೆ ಕೊಟ್ಟು, ಸೆನ್ಸರನ್ನು ಹಿಡಿದು ಪಕ್ಕದ ಮಳಿಗೆಯ ಕಬ್ಬಿಣದ ಶಟರಿನ ಹಿಂದೆ ನಿಂತೆ. ಪರದೆ ಕಪ್ಪಾಯಿತು. ಇದು ಇಪ್ಪತ್ತು ಅಡಿಯೂ ಇಲ್ಲ, ಗಾಡಿ ಓಡುವಾಗ ಏನು ಗತಿ ಎಂದು ಕೇಳಿದೆ. ಆತ ನನ್ನ ಪದವಿಯ ಬಗ್ಗೆಯೇ ಅನುಮಾನ ಬಂದವನಂತೆ ನೋಡಿದ.

“ಅಲ್ಲ ಸಾ, ಗಾಡಿ ಮುಂದುಕ್ಕೋದ್ರೆ ಹಿಂದಿನ ಚಕ್ರಾನೂ ಜೊತೇಲೇ ಬತ್ತದಲ್ವಾ? ದೂರ ಆಗೋದೆಂಗೆ?”

ಕೊನೆಗೆ, ಸಂಕೇತವನ್ನು ನಡುವೆ ಹಿಡಿದು ಮುಂದಕ್ಕೆ ದಾಟಿಸುವ ಇನ್ನೊಂದು ಸಣ್ಣ ಡಬ್ಬಿಯನ್ನೂ ಸೇರಿಸಿ ಕೊಂಡೆ. ಹೊರಡುವಾಗ ಆತ ಧೈರ್ಯ ಹೇಳಿದ: “ಯೋಚ್ನೆ ಮಾಡ್ಬೇಡಿ ಸಾ. ಇದು ತಗಂಡೋದೋರು ಯಾರೂ ವಾಪಸ್ ಬಂದಿಲ್ಲ.”

ಬುದ್ಧಿವಂತನೊಬ್ಬನ ಭೇಟಿ

ಲಾರಿಗಳ ಒಳಚಕ್ರಕ್ಕೆ ಉದ್ದನೆಯ ಲೋಹದ ವಾಲ್ವು ಹಾಕುವ ಭಾಯಿಯೊಬ್ಬರು ನಾಗಮಂಗಲದಲ್ಲಿದ್ದಾರೆಂದು ತಿಳಿದು ಗಾಡಿಯನ್ನು ಅಲ್ಲಿಗೆ ಒಯ್ದೆವು. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಒಬ್ಬರೇ ವಿವೇಕಿ ಅವರು. ನಾನು ಅತ್ಯಂತ ಹೆದರಿದ್ದೂ ಅವರ ಮುಂದೆಯೇ.

ಅವರು ಸೆನ್ಸರನ್ನು ಅಂಗೈಯಲ್ಲಿ ತೂಗಿ ನೋಡಿದರು. ಗಾಳಿ ತುಂಬುವ ಬಾಯಿಯ ಮೇಲೆ ಟೋಪಿಯಂತೆ ತಿರುಗಿಸಿ ಕೂರಿಸುವ ವಸ್ತು ಅದು. “ದೇಖೋ ಸಾಬ್, ನಿಮ್ದು ರಬ್ಬರ್ ವಾಲ್ವು. ಇದ್ರ ಭಾರ ಮೇಲೆ ಕುಂತು ಚಕ್ರ ತಿರುಗಿದ್ರೆ ವಾಲ್ವಿನ ಗರ್ದನ್, ಕುತ್ತಿಗೆ, ಕಟ್ಟಾಗ್ತದೆ.”

ಅವರು ಹೇಳಿದ್ದನ್ನು ಖಚಿತಪಡಿಸಿಕೊಳ್ಳಲು ನಾನು ಕೇಳಿದೆ. “ಅಂದರೆ ಇದನ್ನು ಹಾಕದಿದ್ದರೆ, ಗಾಳಿ ಹೋದದ್ದು ತಿಳಿಯುವುದಿಲ್ಲ. ಹಾಕಿದರೆ, ಇದರಿಂದಲೇ ಗಾಳಿ ಹೋಗುತ್ತದೆ.”

“ಹಾಂ. ಆದ್ರೆ ಹೋಗಿದ್ದು ಕರೆಕ್ಟಾಗಿ ಗೊತ್ತಾಗ್ತದೆ.”

ಆರೂ ವಾಲ್ವುಗಳನ್ನು ಲೋಹದ್ದಕ್ಕೆ ಬದಲಾಯಿಸಿ, ಒಳಗಿನವಕ್ಕೆ ಉದ್ದದ ಕೊಳವೆ ಹಾಕಿಸಿದೆವು. ಯಾವ ಸೆನ್ಸರು ಯಾವ ಚಕ್ರದ್ದೆಂಬುದನ್ನು ಪರದೆಗೆ ಕಲಿಸಿ, ಪ್ರತಿ ಸೆನ್ಸರಿನ ತಲೆಗೆ ಸಂಖ್ಯೆಯ ಚೀಟಿ ಅಂಟಿಸಿದೆ. ಭಾಯಿ ಗಾಡಿಯೊಳಗೆ ಇಣುಕಿ, ಮಂಚದ ಜಾಗ ನೋಡಿ, ಅಲ್ಲಿ ಯಾರು ಮಲಗುತ್ತಾರೆಂದು ಕೇಳಿದರು. ಅಜ್ಜಿ ಎಂದೆ. ಅವರು ಕೈ ಒರೆಸಿಕೊಂಡು ಆಕಾಶದತ್ತ ಒಮ್ಮೆ ನೋಡಿದರು. ಆ ನೋಟಕ್ಕೆ ಅವರು ಬೇರೆ ಹಣ ತೆಗೆದುಕೊಳ್ಳಲಿಲ್ಲ.

ಚಿನಕುರಳಿಯ ಬಿಸಿಲು

ಪರೀಕ್ಷೆಗೆಂದು ಗಾಡಿಯನ್ನು ಚಿನಕುರಳಿಯವರೆಗೆ ಓಡಿಸಿದೆವು. ನಡುಮಧ್ಯಾಹ್ನ. ಓಡಿದಂತೆ ಟೈರು ಬಿಸಿಯಾಗಿ ಒಳಗಿನ ಒತ್ತಡ ಏರುವುದು ಸಹಜ. ಬೆಳಗಿನ ತಂಪಿನಲ್ಲಿ ಅಳೆದದ್ದೇ ಲೆಕ್ಕ. ಇದನ್ನು ದೊಡ್ಡಪ್ಪನಿಗೆ ನಾಲ್ಕು ಸಲ ವಿವರಿಸಿದ್ದೆ. ಎಪ್ಪತ್ತೈದು ದಾಟಿದಾಗ ಯಂತ್ರ ಕೂಗಿತು. ಗಾಡಿ ನಿಲ್ಲಿಸಿ ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಅವರು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚಕ್ರದ ಗಾಳಿ ಬಿಡುತ್ತಿದ್ದರು.

“ಒಟ್ಟೆ ಉಬ್ರ ಕಣ್ಲಾ ಅದುಕ್ಕೆ. ಈಗ ನೋಡು, ಎಂಗೆ ಸುಮ್ಗಾಯ್ತು.”

ತಣ್ಣಗಾದ ಮೇಲೆ ಇವೆಲ್ಲ ಐವತ್ತಕ್ಕೆ ಇಳಿಯುತ್ತವೆ, ಆ ಗಾಳಿಯಲ್ಲಿ ಅಜ್ಜಿಯನ್ನು ಕರೆದೊಯ್ದರೆ ಟೈರು ಒಡೆಯುತ್ತದೆ ಎಂದು ನಾನು ರಸ್ತೆಯಲ್ಲೇ ಕೂಗಾಡಿದೆ. ಕಲ್ಲುಕ್ವಾರಿಯ ಟಿಪ್ಪರೊಂದು ನಮ್ಮನ್ನು ನೋಡಿ ನಿಂತಿತು. ಅದರ ಡ್ರೈವರು ಇಳಿದು ಬಂದು, ಪರದೆಯನ್ನು ಮೂಸುವಷ್ಟು ಹತ್ತಿರದಿಂದ ನೋಡಿ, ಇದು ಯಾತಕ್ಕೆ ಎಂದು ಕೇಳಿದ. ಟೈರು ಅಪಾಯದಲ್ಲಿದ್ದರೆ ಶಬ್ದ ಮಾಡುತ್ತದೆ ಎಂದೆ.

“ಅಯ್ಯೋ, ಅದುಕ್ಕೆ ದುಡ್ ಯಾಕಣ್ಣಾ ಕೊಟ್ಟೆ? ನಮ್ ಗಾಡೀಲಿ ಟೈರೇ ಶಬ್ದ ಮಾಡ್ತದೆ.”

ಹೊರಟ ದಿನ

ಹೊರಡುವ ಹಿಂದಿನ ದಿನ ಹೆಚ್ಚುವರಿ ಚಕ್ರವೊಂದನ್ನು ತರಲು ನಾನು ಕೆ.ಆರ್. ಪೇಟೆಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಪರದೆಯಲ್ಲಿ, ಮತ್ತೆ ಗಾಳಿ ತುಂಬಿಸಿದ್ದ ಆರು ಚಕ್ರಗಳಿಗೂ ಅರವತ್ತೈದು ಎಂದಿತ್ತು. ಅಜ್ಜಿಯನ್ನು ನಾಲ್ವರು ಎತ್ತಿ ಮಂಚದ ಮೇಲೆ ಮಲಗಿಸಿದೆವು. ದೊಡ್ಡಪ್ಪ ಸ್ಟೀರಿಂಗ್ ಹಿಡಿದರು. ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸಾಗಬೇಕೆಂದು ಮೊದಲೇ ಎಲ್ಲರಿಗೂ ಹೇಳಿದ್ದರು. ನಾನು ಪಕ್ಕದಲ್ಲಿ ಕೂತು ಪರದೆಯಿಂದ ಕಣ್ಣು ಕೀಳಲಿಲ್ಲ. ಹೊರಗೆ ಕಬ್ಬಿತ್ತೋ ಭತ್ತವಿತ್ತೋ ನನಗೆ ಗೊತ್ತಿಲ್ಲ.

ಅಕ್ಕಿಹೆಬ್ಬಾಳು ಇನ್ನು ಮೂರು ಕಿಲೋಮೀಟರ್ ಇರುವಾಗ ಯಂತ್ರ ಕಿರುಚಿತು. ಮುಂದಿನ ಬಲ ಚಕ್ರ: ಐವತ್ತೆರಡು. ನಲವತ್ತೊಂಬತ್ತು. ನಲವತ್ತಾರು. ಗಾಡಿ ನಿಲ್ಲಿಸಿ, ಇಳಿದು, ಮುಂದಿನ ಬಲ ಚಕ್ರಕ್ಕೆ ಗೇಜು ಇಟ್ಟೆ. ಗಾಳಿ ಒಂದಿಷ್ಟೂ ಇಳಿದಿರಲಿಲ್ಲ.

“ಸುಳ್ ಬೊಗುಳ್ತದೆ. ಕಿತ್ತೆಸಿ ಅತ್ಲಾಗೆ” ಎಂದರು ದೊಡ್ಡಪ್ಪ.

ಆಗ ಸೆನ್ಸರಿನ ತಲೆ ನೋಡಿದೆ. ಸಂಖ್ಯೆಯ ಚೀಟಿ ಇರಲಿಲ್ಲ. ಅದರ ಹಿತ್ತಾಳೆಯ ಕಂಠ ಬಂಗಾರದಂತೆ ಹೊಳೆಯುತ್ತಿತ್ತು. ಇದನ್ನು ಮುಟ್ಟಿದವರು ಯಾರು ಎಂದು ಕೇಳಿದೆ.

“ನಾನೇ ಕಣಪ್ಪ” ಎಂದರು ಅಜ್ಜಿಯ ಜೊತೆ ಬಂದಿದ್ದ ದೊಡ್ಡಮ್ಮ, ಹೊಗಳಿಕೆಗೆ ಕಾದವರ ಹಾಗೆ. “ನೆಂಟ್ರ ಮನೆಗೋಗೋ ಗಾಡಿ, ಕ್ವಾರಿ ಧೂಳು ಮೆತ್ಕಂಡಿತ್ತು. ನೆನ್ನೆ ದೀಪ್ದ ಕಂಬ ತೊಳೆವಾಗ ಇವನ್ನೂ ಬಿಚ್ಕಂಡು ಉಣಸೆ ಉಳೀಲಿ ಉಜ್ಬುಟ್ಟೆ. ಆರಕ್ಕೆ ಆರೂ ಎಣಿಸಿ ಮತ್ತೆ ತಿರ್ಗುಸಿವ್ನಿ. ಒಂದೂ ಕಳೀಲಿಲ್ಲ.”

“ಯಾವುದನ್ನು ಯಾವ ಚಕ್ರಕ್ಕೆ ತಿರುಗಿಸಿದಿರಿ ದೊಡ್ಡಮ್ಮ?”

“ಯಾವ್ದಾದ್ರೇನ್ಲಾ? ಎಲ್ಲಾ ಒಂದೇ ಅವಲ್ಲ!”

ಅಂದರೆ ಆರರಲ್ಲೊಂದು ಸಾಯುತ್ತಿದೆ. ಯಾವುದೆಂದು ಮಾತ್ರ ಯಂತ್ರಕ್ಕೆ ತಿಳಿದಿಲ್ಲ. ಒಂದೊಂದಕ್ಕೂ ಗೇಜು ಇಟ್ಟೆ. ಐದು ಸರಿಯಿದ್ದವು. ಹಿಂದಿನ ಎಡ ಜೋಡಿಯ ಒಳಗಿನದು ಮೂವತ್ತೆಂಟು. ಜೋಡಿಯ ನಡುವೆ ಚೂಪಾದ ಜಲ್ಲಿಯೊಂದು ಸಿಕ್ಕಿಕೊಂಡು, ಪಕ್ಕೆಯನ್ನು ಸೀಳಿತ್ತು. ನೆತ್ತಿಯ ಮೇಲೆ ಅಜ್ಜಿ.

ಜಾಕ್ ಕೊಡಬೇಕು, ಅಜ್ಜಿ ಇಳಿಯಬೇಕು ಎಂದೆ. “ಇಳ್ದು ಎಲ್ ಮನೀಕಳ್ಳಿ? ಟಾರ್ ರೋಡ್ನಾಗಾ?” ಎಂದು ಅಜ್ಜಿ ಒಳಗಿನಿಂದಲೇ ಕೇಳಿದರು. ಊರಿನ ಕಡೆ ಹೊರಟಿದ್ದ ಹಾಲಿನ ಗೂಡ್ಸ್ ಆಟೋದವನ ಕೈಯಲ್ಲಿ, ಒಂದು ಹಗ್ಗದ ಮಂಚ ಕಳಿಸಿಕೊಡುವಂತೆ ದೊಡ್ಡಪ್ಪ ನೆಂಟರಿಗೆ ಹೇಳಿ ಕಳಿಸಿದರು. ಅರ್ಧ ಗಂಟೆಯಲ್ಲಿ ಆಟೋ ಬಂತು. ಹಾಲಿನ ಕ್ಯಾನುಗಳ ನಡುವೆ ಹಗ್ಗದ ಮಂಚ, ಮಂಚದ ಮೇಲೆ ಚಿಕ್ಕಜ್ಜಿ.

ಅವರು ನೇರವಾಗಿ ಮೆಟ್ಟಿಲು ಹಿಡಿದು ಹತ್ತಿ, ಬಾಗಿಲ ಪರದೆ ಸರಿಸಿ, ಅಕ್ಕನ ಪಕ್ಕದಲ್ಲೇ ಮಂಚದ ಮೇಲೆ ಧಪ್ಪನೆ ಕೂತರು. ಗಾಡಿ ಎಡಕ್ಕೆ ಒಂದಿಷ್ಟು ವಾಲಿತು. ಎರಡು ಟೈರಿನ ಭಾರ ಹೊತ್ತಿದ್ದ ಹೊರಗಿನ ಟೈರಿನ ಮುಂದೆ ನಾನು ಕುಕ್ಕರಗಾಲಲ್ಲಿ ಕೂತೆ. ಒಳಗಿನಿಂದ ಮೊದಲು ಅಳು, ಆಮೇಲೆ ನಗು, ಆಮೇಲೆ ಯಾವುದೋ ಹಳೆಯ ಸೀರೆಯ ವಿಷಯದಲ್ಲಿ ಜೋರು ಜಗಳ ಕೇಳಿಸಿತು.

ಗಾಳಿ ಪೂರ್ತಿ ಮುಗಿದಾಗ ಸೆನ್ಸರು ಸಂಕೇತ ನಿಲ್ಲಿಸಿತು, ಕಿರುಚಾಟವೂ ನಿಂತಿತು. ದೊಡ್ಡಪ್ಪ ಮರದ ನೆರಳಿನಿಂದ ಎದ್ದು ಬಂದು ಪರದೆ ನೋಡಿ, “ವಾಸಿಯಾಯ್ತು ಕಣ್ಲಾ, ನಡಿ” ಎಂದರು. ಕೀಲಿಯನ್ನು ನಾನು ಆಗಲೇ ಜೇಬಿಗೆ ಹಾಕಿಕೊಂಡಿದ್ದೆ.

ಒಳಗೆ ಹೋಗಿ ಕೈಮುಗಿದೆ. ಅಜ್ಜಿ, ಹಗ್ಗದ ಮಂಚ ಬಂದಿದೆ, ಅದರ ಮೇಲೆ ಇಳಿಸುತ್ತೇವೆ, ಚಕ್ರ ಬದಲಿಸಲು ಅರ್ಧ ಗಂಟೆ ಸಾಕು ಎಂದೆ.

ಅಜ್ಜಿ ತಂಗಿಯ ಕೈ ಬಿಡಲಿಲ್ಲ. “ಚಕ್ರ ಸರಿಯಾದ್ರೆ?”

“ಊರಿಗೆ ಹೋಗಿ ಊಟ ಮಾಡಿ, ಹಾಲು ಕರೆಯೋ ಹೊತ್ತಿಗೆ ಮನೆ ಸೇರೋಣ ಅಜ್ಜಿ.”

“ಸರಿಯಾಗ್ದಿದ್ರೆ?”

“ಗಾಡಿ ಒಂದಡಿಯೂ ಕದಲುವಂತಿಲ್ಲ.”

ನಾನು ಇಷ್ಟು ದಿನ ಕಾದು, ಅಳೆದು, ಹೆದರಿದ್ದನ್ನೆಲ್ಲ ತೂಗಿ ನೋಡಿದವರಂತೆ ಅಜ್ಜಿ ನನ್ನನ್ನು ಹತ್ತಿರ ಕರೆದು, ದೊಡ್ಡಪ್ಪನಿಗೆ ಕೇಳಿಸದಂತೆ ಹೇಳಿದರು:

“ಇನ್ನೂ ಐದವಲ್ಲ ಮಗ, ಅವುಗುಳ್ದೂ ಗಾಳಿ ಬುಟ್ಬುಡು. ನಾಡಿದ್ದು ಓಗವಾ.”